ಹಳಿ ಇಲ್ಲದ ಊರಿನ ರೈಲು

ನಮ್ಮ ಕಡೆಯ ನಾಲ್ಕು ಊರುಗಳಲ್ಲಿ ರೈಲು ಇರುವುದು ಒಂದಕ್ಕೆ ಮಾತ್ರ. ಗದಗ-ಬೆಟಗೇರಿಗೆ 1880ರ ದಶಕದಲ್ಲೇ ಹಳಿ ಬಂತು. ಹುಬ್ಬಳ್ಳಿ, ಗುಂತಕಲ್, ಹೋಟಗಿ ಕಡೆಯ ಮೂರು ದಾರಿಗಳು ಅಲ್ಲಿ ಕೂಡಿದವು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಇವತ್ತಿಗೂ ಬಸ್ಸೇ ಗತಿ. ಲಕ್ಷ್ಮೇಶ್ವರದವರು ರೈಲು ಹತ್ತಬೇಕೆಂದರೆ ಯಲವಿಗಿಗೋ ಗದಗಿಗೋ ಹೋಗಬೇಕು, ಮುಂಡರಗಿಯವರು ಗದಗಿಗೋ ಕೊಪ್ಪಳಕ್ಕೋ. ಲಕ್ಷ್ಮೇಶ್ವರದಲ್ಲಿ ಹುಟ್ಟಿ ಬೆಳೆದ ನಮಗೆ ಬಾಲ್ಯದಲ್ಲಿ ರೈಲೆಂದರೆ ಬಸ್ಸಿನಲ್ಲಿ ಹೋಗಿ ನೋಡಿಕೊಂಡು ಬರುವ ವಸ್ತುವಾಗಿತ್ತು. ಉರ್ದು ಶಾಲೆಯ ಪುಸ್ತಕದಲ್ಲಿ ರೈಲು, ಕನ್ನಡ ಪುಸ್ತಕದಲ್ಲಿ ರೈಲು, ಊರಲ್ಲಿ ಮಾತ್ರ ಇಲ್ಲ.

ಅಂಥ ಊರಿನವರಾದ ನಮ್ಮ ಮನೆಯಲ್ಲೇ ಈಗ ದಿನಾ ರಾತ್ರಿ ಇಶಾ ನಮಾಜಿನ ನಂತರ ಹುಬ್ಬಳ್ಳಿಯಿಂದ ಗದಗಿಗೆ ಒಂದು ಪ್ಯಾಸೆಂಜರ್ ಗಾಡಿ ಹೊರಡುತ್ತದೆ. ಓಡಿಸುವವನು ಬೆಟಗೇರಿಯಲ್ಲಿರುವ ನಮ್ಮ ತಂಗಿಯ ಮಗ. ಓಡುವುದು ಹಳೆಯ ಕಂಪ್ಯೂಟರಿನ ಪರದೆಯ ಮೇಲೆ. ಇದಕ್ಕೆ ಟ್ರೇನ್ ಸಿಮ್ಯುಲೇಟರ್ ಎನ್ನುತ್ತಾರೆ. 2001ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಇಂಥದ್ದೊಂದು ಆಟವನ್ನು ತಂದಿತ್ತು. ಟೋಕಿಯೋ ನಗರದಿಂದ ಹೊರಡುವ ಒಡಾಕ್ಯೂ ಲೋಕಲ್ ಗಾಡಿಯ ದಾರಿ ಸೇರಿ ಆರು ದಾರಿಗಳು ಅದರಲ್ಲಿದ್ದವು. ಅದರ ಮುಂದಿನ ಆವೃತ್ತಿಯ ಕೆಲಸ 2009ರಲ್ಲಿ ನಿಂತುಹೋಯಿತು. ಆದರೆ ಹವ್ಯಾಸಿಗಳು ಬಿಡಲಿಲ್ಲ. ಹಳೆಯ ಆಟದ ಸಾಮಗ್ರಿಯನ್ನೇ ಹಿಡಿದು ಓಡಿಸುವ ‘ಓಪನ್ ರೈಲ್ಸ್’ ಎಂಬ ತಂತ್ರಾಂಶವನ್ನು ತಾವೇ ಕಟ್ಟಿ ಪುಕ್ಕಟೆಯಾಗಿ ಹಂಚಿದರು. ನಮ್ಮ ದೇಶದ ಹುಡುಗರೂ ಇಲ್ಲಿಯ ಇಂಜಿನ್ನು, ಡಬ್ಬಿ, ಸಿಗ್ನಲ್ಲುಗಳನ್ನು ಮಾಡಿ ಸೇರಿಸಿದರು.

ಇದು ಎಂಥ ಆಟ ಎಂದು ನಮ್ಮ ತಂಗಿ ಮೊದಮೊದಲು ಬೇಸರಪಡುತ್ತಿದ್ದಳು. ಗುಂಡು ಹಾರುವುದಿಲ್ಲ, ಯಾರೂ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಹುಬ್ಬಳ್ಳಿ ಬಿಟ್ಟರೆ ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ, ಬಿಂಕದಕಟ್ಟಿ ದಾಟಿ ಗದಗ ಮುಟ್ಟಲು ನಿಜವಾದ ಗಾಡಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಇದಕ್ಕೂ ಬೇಕು. “ಇಷ್ಟೊತ್ತು ಕುಂತು ಗದಗಕ್ಕ ಬರೋದಾದ್ರ, ನೀ ಗದಗದಾಗ ಅದೀಯಲ್ಲೋ!” ಎಂದು ಅವರಪ್ಪನ ನಗೆ. ಅವರು ಗದಗಿನ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಕೆಲಸದವರು. ಮನೆಗೆ ಬರುವ ಹೊತ್ತಿಗೆ ಅವರಿಗೆ ಯಾವ ಆಟವನ್ನೂ ನೋಡುವ ತ್ರಾಣ ಇರುವುದಿಲ್ಲ.

ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಇದರಲ್ಲಿ ಕಷ್ಟದ್ದು ವೇಗವಲ್ಲ, ನಿಲ್ಲಿಸುವುದು. ಎಕ್ಸ್‌ಪ್ರೆಸ್ ಓಡಿಸುವುದು ಸುಲಭ ಎನ್ನುತ್ತಾನೆ ಹುಡುಗ. ಊರೂರಿಗೆ ನಿಲ್ಲುವ ಪ್ಯಾಸೆಂಜರೇ ಪರೀಕ್ಷೆ. ಗಾಡಿಯ ಉದ್ದಕ್ಕೂ ಒಂದು ಗಾಳಿಯ ಕೊಳವೆ ಇರುತ್ತದೆ. ಅದರಲ್ಲಿ ಒತ್ತಡ ಇರುವತನಕ ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿಸಿದರೆ ಹಿಡಿಯುತ್ತದೆ. ಹಿಡಿದದ್ದು ಬಿಡಬೇಕೆಂದರೆ ಕೊಳವೆಗೆ ಮತ್ತೆ ಗಾಳಿ ತುಂಬಬೇಕು. ಅದಕ್ಕೆ ಹೊತ್ತು ಬೇಕು, ಗಾಡಿ ಉದ್ದವಾದಷ್ಟೂ ಹೆಚ್ಚು. ಅವಸರಪಟ್ಟು ಹಿಡಿದು-ಬಿಟ್ಟು ಮಾಡಿದರೆ ಗಾಳಿ ತುಂಬುವ ಮೊದಲೇ ಮುಂದಿನ ನಿಲ್ದಾಣ ಬಂದುಬಿಡುತ್ತದೆ. ಅಣ್ಣಿಗೇರಿಯ ಪ್ಲಾಟ್‌ಫಾರಂ ಇನ್ನೂ ಕಣ್ಣಿಗೆ ಕಾಣುವ ಮೊದಲೇ ಅಣ್ಣಿಗೇರಿಗಾಗಿ ಬ್ರೇಕ್ ಹಿಡಿಯಬೇಕು. ಇವೆಲ್ಲ ಆ ಆಟದಲ್ಲಿ ಲೆಕ್ಕಕ್ಕೆ ಲೆಕ್ಕ ಇವೆ. ಗೇಟು ಬರುವ ಮುನ್ನ ಹಳಿ ಪಕ್ಕದ ಹಳದಿ ಫಲಕ ನೋಡಿ ಸೀಟಿ ಹಾಕಬೇಕು. ಅದೂ ಇದೆ.

ರೈಲ್ವೆ ಇಲಾಖೆಯೂ ತನ್ನ ಚಾಲಕರಿಗೆ ಸಿಮ್ಯುಲೇಟರ್ ಮೇಲೆ ತರಬೇತಿ ಕೊಡುತ್ತದೆ. ಹೀಗಿರುವಾಗ ಇದನ್ನು ಬರೀ ಆಟ ಎಂದು ತಳ್ಳಿಹಾಕುವುದು ನಮ್ಮಿಂದಾಗಲಿಲ್ಲ.

ಒಂದು ಸಂಜೆ ಗದಗಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆವು. ಮೀಟರ್‌ಗೇಜ್ ಕಾಲದಲ್ಲಿ ಉಗಿ ಇಂಜಿನ್ನಿಗೆ ಫೈರ್‌ಮನ್ ಆಗಿ ಸೇರಿ, ಡೀಸೆಲ್ ಗಾಡಿಯ ಡ್ರೈವರ್ ಆಗಿ ನಿವೃತ್ತರಾದವರು. ಕುರ್ಚಿಯಲ್ಲಿ ಕುಳಿತು ಕನ್ನಡಕ ಸರಿಮಾಡಿಕೊಂಡರು. ಕೀಲಿಮಣೆ ಅವರ ಕೈಗೆ ಹೊಂದಲಿಲ್ಲ, ಹುಡುಗನೇ ಒತ್ತಿದ. ಸಿಗ್ನಲ್ ಬಂದಾಗ ಮುದುಕರು ದೊಡ್ಡ ದನಿಯಲ್ಲಿ “ಡಬಲ್ ಯೆಲ್ಲೋ!” ಎಂದು ಕೂಗಿ ಎಡಕ್ಕೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. “ಇದರಾಗ ಜೋಡಿ ಇಲ್ಲೇನೋ ತಮ್ಮಾ?” ಎಂದರು. ನಮ್ಮ ರೈಲ್ವೆಯಲ್ಲಿ ಇಂಜಿನ್ನಿನೊಳಗೆ ಇಬ್ಬರಿರುತ್ತಾರೆ. ಸಿಗ್ನಲ್ಲಿನ ಬಣ್ಣವನ್ನು ಒಬ್ಬರು ಕೂಗಿ ಹೇಳಬೇಕು, ಇನ್ನೊಬ್ಬರು ನೋಡಿ ಮರುಕೂಗು ಕೊಡಬೇಕು. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದು ಇರಲಿ ಎಂಬ ಏರ್ಪಾಡು. ಆಟದಲ್ಲಿ ಡ್ರೈವರ್ ಒಬ್ಬನೇ. ಮುಂದಿನ ಸಿಗ್ನಲ್ಲಿಗೆ ಮುದುಕರು ಕೂಗಿದಾಗ ಹುಡುಗ ಎಡಗಡೆ ನಿಂತು “ಯೆಲ್ಲೋ!” ಎಂದು ಮರುಕೂಗು ಕೊಟ್ಟ. ಗದಗ ಬರುವವರೆಗೂ ಇಬ್ಬರೂ ಹಾಗೇ ಕೂಗಿಕೊಂಡು ಬಂದರು. ಒಳಮನೆಯಿಂದ ತಂಗಿ ಇಣುಕಿ ನೋಡಿ ಹೋದಳು.

ಚಹಾ ಕುಡಿಯುವಾಗ ಮುದುಕರು ಎರಡು ಮಾತು ಹೇಳಿದರು. ಬ್ರೇಕಿನ ಲೆಕ್ಕ ಬರೋಬ್ಬರಿ ಇದೆ ಎಂಬುದೊಂದು. “ಆದ್ರ ಇದರಾಗ ಹಳೀ ಮ್ಯಾಲ ಯಾರೂ ಬರಂಗಿಲ್ಲ ನೋಡ್ರಿ,” ಎಂಬುದು ಇನ್ನೊಂದು. ಗಾಡಿ ತುರ್ತು ಬ್ರೇಕ್ ಹಿಡಿದ ಮೇಲೂ ಬಹಳ ದೂರ ಹೋಗಿಯೇ ನಿಲ್ಲುತ್ತದೆ. ಮುಂದೆ ನಿಂತವನ ಮುಖ ಡ್ರೈವರನಿಗೆ ಕಾಣುತ್ತಿರುತ್ತದೆ, ಸೀಟಿ ಹಾಕುವುದೊಂದೇ ಅವನ ಕೈಯಲ್ಲಿರುವುದು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇಂಥ ಆಟಗಳ ತವರು ಜಪಾನು. 1996ರಲ್ಲಿ ಅಲ್ಲಿಯ ಟೈಟೋ ಕಂಪನಿ ‘ಡೆನ್ಶಾ ದೆ ಗೋ’ ಎಂಬ ಲೋಕಲ್ ರೈಲಿನ ಆಟ ತಂದಿತು. ಅದರಲ್ಲಿ ಆಟಗಾರ ಗಾಡಿಯನ್ನು ಸೆಕೆಂಡಿನ ಲೆಕ್ಕದಲ್ಲಿ ತರಬೇಕು, ಗುರುತಿಗೆ ಸರಿಯಾಗಿ ನಿಲ್ಲಿಸಬೇಕು. ತಪ್ಪಿದರೆ ಅಂಕ ಹೋಗುತ್ತದೆ. ಒಂಬತ್ತು ವರ್ಷದ ನಂತರ, 2005ರ ಏಪ್ರಿಲ್ 25ರಂದು, ಅದೇ ಜಪಾನಿನ ಅಮಾಗಾಸಾಕಿಯಲ್ಲಿ ನಿಜವಾದ ಲೋಕಲ್ ಗಾಡಿಯೊಂದು ತಿರುವಿನಲ್ಲಿ ಹಳಿ ತಪ್ಪಿ ವಸತಿ ಕಟ್ಟಡಕ್ಕೆ ನುಗ್ಗಿತು. 107 ಮಂದಿ ಸತ್ತರು, ಚಾಲಕನೂ ಸೇರಿ. ಅವನಿಗೆ 23 ವರ್ಷ. ಹಿಂದಿನ ನಿಲ್ದಾಣದಲ್ಲಿ ಗಾಡಿಯನ್ನು ಸುಮಾರು 70 ಮೀಟರ್ ಮುಂದಕ್ಕೆ ಒಯ್ದುಬಿಟ್ಟು, ಹಿಂದಕ್ಕೆ ತಂದು, ಒಂದು ನಿಮಿಷಕ್ಕೂ ಹೆಚ್ಚು ತಡವಾಗಿದ್ದ. ಗಂಟೆಗೆ 70 ಕಿಲೋಮೀಟರ್ ಮಿತಿಯಿದ್ದ ತಿರುವನ್ನು ಸುಮಾರು 116ರ ವೇಗದಲ್ಲಿ ಹೊಕ್ಕ. ತಪ್ಪು ಮಾಡಿದ ಚಾಲಕರನ್ನು ಆ ಕಂಪನಿ ‘ಮರುತರಬೇತಿ’ಗೆ ಕೂರಿಸಿ ಅವಮಾನಿಸುತ್ತಿತ್ತು. ಅವನು ಅದನ್ನು ಒಮ್ಮೆ ಅನುಭವಿಸಿದ್ದ. ಎಷ್ಟು ಮೀಟರ್ ಮುಂದೆ ಹೋಯಿತೆಂಬುದನ್ನು ಕಡಿಮೆ ಮಾಡಿ ಹೇಳುವಂತೆ ಗಾರ್ಡನನ್ನು ಕೇಳಿಕೊಂಡಿದ್ದ. ಗಾರ್ಡ್ ರೇಡಿಯೋದಲ್ಲಿ ಏನು ಹೇಳುತ್ತಾನೆಂದು ಕೇಳುವುದರಲ್ಲಿ ಅವನ ಗಮನ ಹೋಗಿದ್ದಿರಬೇಕು ಎಂದು ತನಿಖೆ ಅಂದಾಜಿಸಿತು. ಆಟ ನಿಜದಂತೆ ಇರಲಿ ಎಂದು ಜನ ಬಯಸುತ್ತಾರೆ. ಅಲ್ಲಿ ನಿಜವೇ ಆಟದ ಅಂಕಪಟ್ಟಿಯಂತಾಗಿತ್ತು. ಹುಡುಗನಿಗೆ ಇದನ್ನು ಹೇಳಿದಾಗ ಅವನಿಗೆ ಮೊದಲೇ ಗೊತ್ತಿತ್ತು. “ಮಾಮು, ಪಾಪ ಅಂವಾ ಹೆದರಿದ್ದ,” ಎಂದ ಅಷ್ಟೆ.

ನಮ್ಮ ದೂರು ಇರುವುದು ಪ್ರಯಾಣಿಕರ ಬಗ್ಗೆ. ಇಂಜಿನ್ನಿನೊಳಗಿನ ಸೂಜಿ-ಗಡಿಯಾರಗಳಿಗೆ ಇಷ್ಟು ಜೀವ ತುಂಬಿದವರು ಪ್ಲಾಟ್‌ಫಾರಂ ಮೇಲಿನ ಜನರನ್ನು ಕಾಗದ ಕತ್ತರಿಸಿ ನಿಲ್ಲಿಸಿದಂತೆ ನಿಲ್ಲಿಸಿದ್ದಾರೆ. ಗಾಡಿ ನಿಂತಾಗ ಎಂಟರ್ ಕೀಲಿ ಒತ್ತಬೇಕು. ಇಷ್ಟು ಸೆಕೆಂಡಿನಲ್ಲಿ ಇಷ್ಟು ಮಂದಿ ಹತ್ತಿದರು ಎಂದು ಲೆಕ್ಕವಾಗುತ್ತದೆ. ಗೋಣಿಚೀಲ ಇಲ್ಲ, ಹಾಲಿನ ಕ್ಯಾನ್ ಇಲ್ಲ, ಹುಬ್ಬಳ್ಳಿಯ ದವಾಖಾನೆಗೆ ಹೊರಟ ಮುದುಕಿ ಇಲ್ಲ, ಬುರ್ಖಾದ ತುದಿ ಬಾಗಿಲಿಗೆ ಸಿಕ್ಕೀತೆಂದು ಎತ್ತಿ ಹಿಡಿದ ಹೆಣ್ಣುಮಕ್ಕಳಿಲ್ಲ. ಕಿಸೆಯ ಲೆಕ್ಕವೂ ಇಲ್ಲ. 2020ರಲ್ಲಿ ಕೊರೋನಾ ಬಂದು ಪ್ಯಾಸೆಂಜರ್ ಗಾಡಿಗಳು ನಿಂತವು. ಮತ್ತೆ ಶುರುವಾದಾಗ ಎಕ್ಸ್‌ಪ್ರೆಸ್ ಲೆಕ್ಕದಲ್ಲಿ ಓಡಿ, 10 ರೂಪಾಯಿಯಿದ್ದ ಕನಿಷ್ಠ ದರ 30 ಆಯಿತು. ಅದು ಹಳೆಯ ದರಕ್ಕೆ ಇಳಿಯಲು 2024ರ ಫೆಬ್ರವರಿಯೇ ಬರಬೇಕಾಯಿತು. ಹುಲಕೋಟಿಯಿಂದ ಗದಗಿಗೆ ದಿನಾ ಕೂಲಿಗೆ ಬರುವವನಿಗೆ ಆ 20 ರೂಪಾಯಿ ಬ್ರೇಕಿನ ಗಾಳಿಗಿಂತ ದೊಡ್ಡ ನಿಜ. ಟಿಕೆಟ್ ಇಲ್ಲದೆ ಹತ್ತುವವನಂತೂ ಆ ಆಟದಲ್ಲಿ ಇಲ್ಲವೇ ಇಲ್ಲ. 1933ರಲ್ಲಿ ಹನ್ನೊಂದರ ಹುಡುಗನೊಬ್ಬ ಸಂಗೀತದ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ರೈಲು ಹತ್ತಿದ, ಟಿಕೆಟ್ಟಿಗೆ ಕಾಸಿಲ್ಲದೆ ಹಾಡುತ್ತ ಹಾಡುತ್ತ ದೂರದ ಗ್ವಾಲಿಯರ್ ಮುಟ್ಟಿದ. ಆ ಹುಡುಗ ಭೀಮಸೇನ ಜೋಶಿ. ಎಂಟರ್ ಕೀಲಿಯ ಲೆಕ್ಕಕ್ಕೆ ಅವನು ಸಿಗುತ್ತಿರಲಿಲ್ಲ.

ಕತೆ ಬರೆಯುವವರಾದ ನಾವು ಇದನ್ನು ಹೇಳುವಾಗ ಕಂಪ್ಯೂಟರಿನವರನ್ನಷ್ಟೇ ಬೈದರೆ ನ್ಯಾಯವಾಗದು. ಉರ್ದುವಿನಲ್ಲಿ ಹಕೀಕತ್-ನಿಗಾರಿ, ಕನ್ನಡದಲ್ಲಿ ವಾಸ್ತವವಾದ ಎಂದು ನಾವು ದೊಡ್ಡ ಮಾತಾಡುತ್ತೇವೆ. ಎಷ್ಟೋ ಕನ್ನಡ ಕತೆ-ಸಿನಿಮಾಗಳಲ್ಲಿ ಮುಸಲ್ಮಾನ ಪಾತ್ರ ಬರುವುದೂ ಆ ಪ್ಲಾಟ್‌ಫಾರಂ ಜನರಂತೆಯೇ. ಟೋಪಿ ಇಟ್ಟಿರುತ್ತದೆ, ಒಂದು “ಅರೇ ಸಾಬ್” ಅನ್ನುತ್ತದೆ, ಗಾಡಿ ಹೊರಟರೆ ಮಾಯವಾಗುತ್ತದೆ.

ಇನ್ನು ಹುಡುಗನ ವಿಷಯ. ಅವನು ಅಸಿಸ್ಟೆಂಟ್ ಲೋಕೋ ಪೈಲಟ್ ಆಗುತ್ತಾನೆ, ಅದಕ್ಕೇ ರಾತ್ರಿಯೆಲ್ಲ ಕಲಿಯುತ್ತಿದ್ದಾನೆ ಎಂದು ನಮ್ಮ ತಂಗಿ ಓಣಿಯಲ್ಲೆಲ್ಲ ಹೇಳಿದ್ದಾಳೆ. ಆ ಹುದ್ದೆಗೆ ಕನ್ನಡಕವಿಲ್ಲದೆ ಎರಡೂ ಕಣ್ಣು 6/6 ಇರಬೇಕು. ಬಣ್ಣ ಗುರುತಿಸುವ ಪರೀಕ್ಷೆ ಬೇರೆ. ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಟ್ಟವರನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮ ಹುಡುಗ ಏಳನೆಯ ತರಗತಿಯಿಂದ ಕನ್ನಡಕ ಹಾಕುತ್ತಾನೆ. ಅಧಿಸೂಚನೆಯನ್ನು ಅವನು ಯಾವತ್ತೋ ಓದಿಕೊಂಡಿದ್ದ. ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ನಮಗೆ ಹೇಳಿದ್ದು ಮುದುಕರು ಬಂದುಹೋದ ರಾತ್ರಿ, ಅವರನ್ನು ಮನೆ ಮುಟ್ಟಿಸಿ ತಿರುಗಿ ಬರುವಾಗ. ವರ್ಕ್‌ಶಾಪು, ಲೋಕೋ ಶೆಡ್ಡಿನ ಟೆಕ್ನಿಷಿಯನ್ ಹುದ್ದೆಗಳಿಗೆ ಕನ್ನಡಕ ನಡೆಯುತ್ತದೆ, ಅದಕ್ಕೆ ಅರ್ಜಿ ಹಾಕುತ್ತಾನಂತೆ. “ಅಮ್ಮೀಗೆ ನೀವೇ ಹೇಳ್ರಿ ಮಾಮು,” ಎಂದ. ಮರುದಿನ ಹೇಳಿದೆವು. ಅವಳು ಸ್ವಲ್ಪ ಹೊತ್ತು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಹಂಗಾರ ಆ ಆಟದಾಗ ಕಣ್ಣು ತೋರ್ಸೋದು ಇಲ್ಲೇನು?” ಎಂದು ಕೇಳಿದಳು. ಇಲ್ಲ ಎಂದೆವು. “ಆಡ್ಲಿ ಬಿಡ್ರಿ,” ಎಂದಳು.

ಅವನು ಈಗ ಓಡಿಸುವುದನ್ನು ಕಡಿಮೆ ಮಾಡಿದ್ದಾನೆ, ಕಟ್ಟುತ್ತಿದ್ದಾನೆ. ಗದಗಿನಿಂದ ಶಿರಹಟ್ಟಿ, ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ರೈಲು ಬೇಕೆಂಬ ಬೇಡಿಕೆ ಬಹಳ ಹಳೆಯದು. ಸರ್ವೆಗಳಾಗಿವೆ, ಮನವಿಗಳಾಗಿವೆ. ನೆಲದ ಮೇಲೆ ಹಳಿ ಬಿದ್ದಿಲ್ಲ. ಹುಡುಗ ಆಟದೊಳಗೆ ಆ ಹಳಿ ಹಾಕುತ್ತಿದ್ದಾನೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರಿನಿಂದ ಅಳೆದ ನೆಲದ ಎತ್ತರಗಳು ಪುಕ್ಕಟೆ ಸಿಗುತ್ತವೆ. ಅವನ್ನು ತುಂಬಿದರೆ ಕಪ್ಪತಗುಡ್ಡ ತನ್ನ ಜಾಗದಲ್ಲಿ, ತನ್ನ ಎತ್ತರದಲ್ಲಿ ಎದ್ದು ನಿಲ್ಲುತ್ತದೆ. ರೈಲಿಗೆ ಕಡಿದಾದ ಏರು ಆಗದು. ಆದ್ದರಿಂದ ದಿನ್ನೆಗಳನ್ನು ಬಳಸಿಕೊಂಡು ಹಳಿ ಬಾಗಿಸಬೇಕು. ಗುಡ್ಡ ಅಡ್ಡ ಇರುವುದರಿಂದ ಮುಂಡರಗಿ ಈ ದಾರಿಗೆ ಬರುವುದಿಲ್ಲ. ತಂಗಿಯ ಅತ್ತೆಮನೆಯವರು ಮುಂಡರಗಿಯವರು. ಕಂಪ್ಯೂಟರಿನಲ್ಲೂ ನಮಗೆ ರೈಲಿಲ್ಲವೇ ಎಂದು ಅವರು ಮದುವೆಯೊಂದರಲ್ಲಿ ಜಗಳವನ್ನೇ ತೆಗೆದರು.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ, ಲಕ್ಷ್ಮೇಶ್ವರದಲ್ಲಿ ಜುಮ್ಮಾ ಮಸೀದಿ ಗಾಡಿಯ ಕಿಟಕಿಯಿಂದ ಕಾಣಬೇಕೆಂದು ಫೋಟೋ ತೆಗೆಸಿ ತರಿಸಿಕೊಂಡಿದ್ದಾನೆ. ನಿಲ್ದಾಣ ಎಲ್ಲಿರಬೇಕೆಂದು ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಮೂರು ಪಕ್ಷಗಳಾಗಿವೆ. ಹೋದ ವಾರ ಅವನು ಫೋನು ಮಾಡಿದ್ದ. ಪ್ರತಿ ಪ್ಲಾಟ್‌ಫಾರಮಿಗೆ ಕಾಯುವ ಪ್ರಯಾಣಿಕರ ಸಂಖ್ಯೆಯನ್ನು ತುಂಬಬೇಕಂತೆ. “ಮಾಮು, ಶಿರಹಟ್ಟ್ಯಾಗ ಮುಂಜಾನೆ ಗಾಡಿಗೆ ಎಷ್ಟು ಮಂದಿ ಹಾಕ್ಲಿ?” ಬೆಳಗಿನ ಗದಗ ಬಸ್ಸಿನಲ್ಲಿ ಸೀಟು ಸಿಗದೆ ನಿಲ್ಲುವವರನ್ನು ಲೆಕ್ಕ ಹಾಕಿ ನಾವು ಅರವತ್ತು ಎಂದೆವು. ಪಕ್ಕದಲ್ಲಿ ತಸ್ಬಿ ಎಣಿಸುತ್ತಿದ್ದ ನಮ್ಮ ಅಮ್ಮಿ, ಕಾಲೇಜಿನ ಹುಡುಗಿಯರನ್ನು ಲೆಕ್ಕಕ್ಕೆ ಹಿಡಿದಿರೋ ಇಲ್ಲವೋ ಎಂದು ಕೇಳಿದರು. ಈಗ ಬಸ್ಸಿಗೆ ಹೆದರಿ ಮನೆಯಲ್ಲಿ ಕುಳಿತವರೂ ರೈಲಾದರೆ ಬರುತ್ತಾರೆ ಎಂಬುದು ಅವರ ವಾದ. ಎಂಬತ್ತು ಹಾಕಿಸಿದರು.