ಬಬೂನ್‌ಗಳ ಊರಿನಲ್ಲಿ ಒಂದು ಭಾನುವಾರ

ಕೇಪ್ ಆಫ್ ಗುಡ್ ಹೋಪ್ ಎಂಬ ಹೆಸರನ್ನು ನಾವೆಲ್ಲ ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ಬಾಯಿಪಾಠ ಮಾಡಿದವರೇ. 1488ರಲ್ಲಿ ಬಾರ್ತಲೋಮಿಯೊ ಡಯಾಸ್ ಈ ಭೂಶಿರವನ್ನು ಬಳಸಿ ಹೋದ. 1497ರಲ್ಲಿ ವಾಸ್ಕೋ ಡ ಗಾಮ ಇದೇ ದಾರಿಯಾಗಿ ಬಂದು ಮರುವರ್ಷ ಕಲ್ಲಿಕೋಟೆ ಮುಟ್ಟಿದ. ನಮ್ಮ ಕಡೆಯ ಕಾಳುಮೆಣಸಿಗಾಗಿ ಅಷ್ಟು ದೊಡ್ಡ ಸುತ್ತು! ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಿಂದ ಅಲ್ಲಿಗೆ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಯಜಮಾನರ ಕೆಲಸದ ನಿಮಿತ್ತ ಕೆಲವು ತಿಂಗಳು ಆ ನಗರದಲ್ಲಿದ್ದಾಗ ನಾವು ನಾಲ್ವರು ಗೆಳತಿಯರು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಂದು ಭಾನುವಾರ ಹೊರಟೆವು.

ಕಾರು ಓಡಿಸುತ್ತಿದ್ದವಳು ಅಲ್ಲೇ ಹುಟ್ಟಿ ಬೆಳೆದವಳು. ಅವಳ ಮುತ್ತಜ್ಜ ರತ್ನಗಿರಿ ಕಡೆಯಿಂದ ಹಡಗು ಹತ್ತಿ ಬಂದವರಂತೆ. ಕೇಪ್‌ಟೌನಿನಲ್ಲಿ ಇಂಥ ಕೊಂಕಣಿ ಮುಸ್ಲಿಮ್ ಕುಟುಂಬಗಳು ಬಹಳಷ್ಟಿವೆ. ನಮ್ಮ ಜೊತೆಗಿದ್ದ ಭಟ್ಕಳದವಳು ತನ್ನ ನವಾಯತಿ ಮಾತಿನ ಕೆಲವು ಶಬ್ದ ಹೇಳಿದರೆ, ಇವಳು ತನ್ನ ಅಜ್ಜಿ ಹೇಳುತ್ತಿದ್ದ ಶಬ್ದಗಳನ್ನು ನೆನಪಿಸಿಕೊಂಡು ಹೇಳುವಳು. ಎರಡೂ ಒಂದಕ್ಕೊಂದು ತಾಗಿದಾಗಲೆಲ್ಲ ಕಾರಿನಲ್ಲಿ ನಗುವೋ ನಗು. ದಾರಿಯಲ್ಲಿ ತಿನ್ನಲು ಅವಳು ಸಮೋಸ ಮತ್ತು ಕೂಸಿಸ್ಟರ್ ತಂದಿದ್ದಳು. ಕೂಸಿಸ್ಟರ್ ಎಂದರೆ ಏಲಕ್ಕಿ ಹಾಕಿ ಕರಿದು, ಸಕ್ಕರೆ ಪಾಕದಲ್ಲದ್ದಿ ಕೊಬ್ಬರಿ ತುರಿ ಉದುರಿಸಿದ ಸಿಹಿ. ಕೇಪ್‌ಟೌನಿನ ಮುಸ್ಲಿಮ್ ಮನೆಗಳಲ್ಲಿ ಭಾನುವಾರದ ಬೆಳಗಿಗೆ ಇದು ಇರಲೇಬೇಕು.

ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ. ಆ ಕೊಲ್ಲಿಯ ಹೆಸರು ಫಾಲ್ಸ್ ಬೇ, ಅಂದರೆ ಸುಳ್ಳು ಕೊಲ್ಲಿ. ಪೂರ್ವದಿಂದ ಮರಳುತ್ತಿದ್ದ ನಾವಿಕರು ಇಲ್ಲಿನ ಒಂದು ಭೂಶಿರವನ್ನು ಇನ್ನೊಂದೆಂದು ತಿಳಿದು ಇದರೊಳಗೆ ತಿರುಗಿಬಿಡುತ್ತಿದ್ದರು, ಹಾಗಾಗಿ ಈ ಹೆಸರು. ಸೈಮನ್ಸ್ ಟೌನ್ ದಾಟಿದರೆ ಬೋಲ್ಡರ್ಸ್ ಕಡಲ ತೀರ. ಮಕ್ಕಳು ಕಾದಿದ್ದುದು ಇಲ್ಲಿಗೆ. ಹಿಮವಿಲ್ಲ, ಉರಿ ಬಿಸಿಲು, ಆನೆ ಗಾತ್ರದ ಬಂಡೆಗಳು, ಅವುಗಳ ನಡುವೆ ಪೆಂಗ್ವಿನ್‌ಗಳು! ಕತ್ತೆಯಂತೆ ಅರಚುವುದರಿಂದ ಇವಕ್ಕೆ ಕತ್ತೆ ಪೆಂಗ್ವಿನ್ ಎಂಬ ಹೆಸರೂ ಇದೆ. ಕೇಳಿದರೆ ನೀವೂ ಒಪ್ಪುವಿರಿ. ಇವು ಈ ತೀರಕ್ಕೆ ಬಂದು ಗೂಡು ಕಟ್ಟತೊಡಗಿದ್ದು 1980ರ ದಶಕದ ಆರಂಭದಲ್ಲಿ. ಈಗ ಬೀದಿಗೂ ಬರುತ್ತವೆ. ಕಾರು ಹೊರಡಿಸುವ ಮೊದಲು ಕೆಳಗೆ ಬಗ್ಗಿ ನೋಡಿರಿ ಎಂದು ಫಲಕ ಹಾಕಿದ್ದಾರೆ. ಇವುಗಳ ಆಹಾರ ನಮ್ಮ ಬೂತಾಯಿಯ ಜಾತಿಯ ಮೀನುಗಳು. ಆ ಮೀನು ಕಡಿಮೆಯಾದದ್ದೇ ಇವುಗಳಿಗೆ ದೊಡ್ಡ ಕುತ್ತಾಗಿದೆ. 2024ರಲ್ಲಿ ಇವುಗಳನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಬೋಲ್ಡರ್ಸ್ ಬಿಟ್ಟ ಮೇಲೆ ಗೆಳತಿಯ ಧಾಟಿಯೇ ಬದಲಾಯಿತು. ರಸ್ತೆ ಬದಿ ನಿಲ್ಲಿಸಿ, ತಿಂಡಿಯ ಚೀಲವನ್ನೆಲ್ಲ ಡಿಕ್ಕಿಗೆ ಹಾಕಿಸಿದಳು. ಕಿಟಕಿ ಏರಿಸಿ, ನಾಲ್ಕೂ ಬಾಗಿಲಿಗೆ ಲಾಕ್ ಹಾಕಿದಳು. ಮಗುವಿನ ಕೈಯಲ್ಲಿದ್ದ ಅರ್ಧ ಬಾಳೆಹಣ್ಣನ್ನೂ ಬಿಡಲಿಲ್ಲ. ಇಷ್ಟೆಲ್ಲ ಬಬೂನ್‌ಗಳ ಸಲುವಾಗಿ.

ಬಬೂನ್ ಎಂದರೆ ನಮ್ಮ ಮಂಗನಂತೆ ಎಂದುಕೊಳ್ಳಬೇಡಿ. ಮೂತಿ ನಾಯಿಯದು. ಗಂಡು ಮೂವತ್ತು ಕಿಲೋ ಮೀರಿ ತೂಗುತ್ತದೆ. ಆಕಳಿಸಿದಾಗ ಕಾಣುವ ಕೋರೆಹಲ್ಲು ನೋಡಿದರೆ ಚಿರತೆಯ ನೆನಪಾಗುತ್ತದೆ. ಬುದ್ಧಿಯಂತೂ ಕೇಳಲೇಬೇಡಿ. ಪ್ಲಾಸ್ಟಿಕ್ ಚೀಲ ಕಂಡರೆ ಅದರಲ್ಲಿ ತಿನಿಸಿದೆ ಎಂದು ಗೊತ್ತು. ಹಿಡಿ ಎಳೆದರೆ ಕಾರಿನ ಬಾಗಿಲು ತೆರೆಯುತ್ತದೆ ಎಂದೂ ಗೊತ್ತು.

ಭೂಶಿರದ ಬಳಿ ಕಾರು ನಿಲ್ಲಿಸುವ ಜಾಗದಲ್ಲಿ ಅದನ್ನು ಕಣ್ಣಾರೆ ಕಂಡೆವು. ಪ್ರವಾಸಿ ಕುಟುಂಬವೊಂದು ಕಾರಿನ ಹಿಂದೆ ಚಾಪೆ ಹಾಸಿ ಬುತ್ತಿ ಬಿಚ್ಚುವುದಕ್ಕೂ, ಕುರುಚಲಿನಿಂದ ಒಂದು ಗಂಡು ಬಬೂನ್ ಇಳಿದು ಬರುವುದಕ್ಕೂ ಸರಿಹೋಯಿತು. ಓಡಲಿಲ್ಲ, ಹಲ್ಲು ಕಿರಿಯಲಿಲ್ಲ. ಮದುವೆ ಮನೆಗೆ ಬಂದ ಹಿರಿಯರಂತೆ ಗಂಭೀರವಾಗಿ ನಡೆದು ಬಂದು, ಬ್ರೆಡ್ಡಿನ ಪೊಟ್ಟಣ ಎತ್ತಿಕೊಂಡು ನಮ್ಮ ಕಾರಿನ ಬಾನೆಟ್ಟಿನ ಮೇಲೆ ಕುಳಿತಿತು! ನಮ್ಮನ್ನೇ ನೋಡುತ್ತಾ ಒಂದೊಂದೇ ತುಂಡು ತಿಂದಿತು. ತಿಂದಾದ ಮೇಲೆ ವೈಪರನ್ನು ಎಳೆದು ನೋಡಿತು. ಮಕ್ಕಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಉಪ್ಪಿನಂಗಡಿಯ ಗೆಳತಿ ಮಾತ್ರ ದುಪಟ್ಟ ಬಾಯಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಕಾವಲುಗಾರ ಬಂದು ಓಡಿಸಿದ.

ಕಾರು ಓಡಿಸುತ್ತಿದ್ದವಳು ನಗಲಿಲ್ಲ. ‘ಇದರ ಆಯುಸ್ಸು ಕಡಿಮೆಯಾಯಿತು’ ಎಂದಳು.

ಆಮೇಲೆ ಫ್ರೆಡ್ ಎಂಬ ಬಬೂನಿನ ಕತೆ ಹೇಳಿದಳು. ನಾವು ಬಂದ ಇದೇ ರಸ್ತೆಯಲ್ಲಿ ಸ್ಮಿಟ್ಸ್‌ವಿಂಕಲ್ ಕೊಲ್ಲಿಯ ಹತ್ತಿರ ಅದರ ಹಿಂಡು ಇತ್ತು. ನಿಂತ ಕಾರುಗಳ ಬಾಗಿಲು ತೆರೆದು, ಕಿಟಕಿಯಿಂದ ನುಗ್ಗಿ ತಿಂಡಿ ದೋಚುವುದರಲ್ಲಿ ಅದು ಹೆಸರುವಾಸಿ. ಜನ ಅದರ ಫೋಟೋ ತೆಗೆಯಲೆಂದೇ ಕಾರು ನಿಲ್ಲಿಸುತ್ತಿದ್ದರು, ಕೆಲವರು ಕರೆದು ಕೊಡುತ್ತಿದ್ದರು. ಕೊಡದಿದ್ದಾಗ ಅದು ಕಿತ್ತುಕೊಳ್ಳುವುದನ್ನು ಕಲಿಯಿತು. 2010ರಲ್ಲಿ ಮೂವರಿಗೆ ಗಾಯ ಮಾಡಿತು. 2011ರ ಮಾರ್ಚ್‌ನಲ್ಲಿ ಅಧಿಕಾರಿಗಳು ಅದನ್ನು ಹಿಡಿದು ಚುಚ್ಚುಮದ್ದು ಕೊಟ್ಟು ಕೊಂದರು. ಬ್ರೆಡ್ಡು, ಚಿಪ್ಸ್ ಕೊಟ್ಟವರು ಅಷ್ಟರಲ್ಲಿ ತಮ್ಮ ತಮ್ಮ ದೇಶಕ್ಕೆ ಹೋಗಿಯಾಗಿತ್ತು. ಈಗಲೂ ಬಬೂನಿಗೆ ತಿನ್ನಲು ಕೊಡುವುದು ಅಲ್ಲಿ ಅಪರಾಧ, ದಂಡವಿದೆ. ಆದರೆ ದಂಡ ಬೀಳುವುದು ಹಣದ ರೂಪದಲ್ಲಿ ಮನುಷ್ಯನಿಗೆ, ಪ್ರಾಣದ ರೂಪದಲ್ಲಿ ಪ್ರಾಣಿಗೆ.

ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ನಾವು ಮಾಡುವುದಾದರೂ ಏನು? ತಿರುವಿನಲ್ಲಿ ಗಾಡಿ ನಿಲ್ಲಿಸಿ, ಮಕ್ಕಳ ಕೈಯಿಂದ ಮಂಗಗಳಿಗೆ ಬಾಳೆಹಣ್ಣು ಎಸೆಸಿ, ‘ಪಾಪ, ಹಸಿದಿವೆ’ ಎನ್ನುತ್ತೇವೆ. ಪುಣ್ಯದ ಕೆಲಸ ಎಂದುಕೊಳ್ಳುವವರೂ ಉಂಟು. ಹಣ್ಣಿಗಾಗಿ ರಸ್ತೆಗಿಳಿದ ಮರಿ, ಹಿಂದಿನಿಂದ ಬರುವ ಬಸ್ಸಿನ ಚಕ್ರಕ್ಕೆ ಸಿಕ್ಕುವುದನ್ನು ನೋಡಲು ನಾವು ಅಲ್ಲಿರುವುದಿಲ್ಲ.

ಕೇಪ್ ಪಾಯಿಂಟಿನ ತುದಿಯಲ್ಲಿ ಹಳೆಯ ದೀಪಸ್ತಂಭವಿದೆ. 1860ರಲ್ಲಿ ಕಟ್ಟಿದ್ದು, ಆದರೆ ಎಷ್ಟು ಎತ್ತರದಲ್ಲೆಂದರೆ ಮಂಜು ಕವಿದಾಗ ಹಡಗಿನವರಿಗೆ ಕಾಣುತ್ತಲೇ ಇರಲಿಲ್ಲ. 1911ರಲ್ಲಿ ಲುಸಿಟಾನಿಯ ಎಂಬ ಪೋರ್ಚುಗೀಸ್ ಹಡಗು ಬಂಡೆಗೆ ಬಡಿದ ಮೇಲೆ ಕೆಳಗೆ ಇನ್ನೊಂದು ಕಟ್ಟಿ 1919ರಲ್ಲಿ ಬೆಳಗಿಸಿದರು. ಮೇಲೇರಲು ಪುಟ್ಟ ರೈಲಿದೆ. ಮಕ್ಕಳಿದ್ದರೆ ಅದನ್ನೇ ಹಿಡಿಯಿರಿ, ಗಾಳಿಯ ಹೊಡೆತಕ್ಕೆ ಬುರ್ಖಾ ಹಿಡಿದುಕೊಳ್ಳುವುದೇ ದೊಡ್ಡ ಕೆಲಸ. ಇನ್ನೊಂದು ಮಾತು, ಆಫ್ರಿಕಾದ ದಕ್ಷಿಣದ ಕೊನೆ ಇದಲ್ಲ. ಅದು ಇನ್ನೂ ಪೂರ್ವಕ್ಕಿರುವ ಅಗುಲ್ಹಾಸ್ ಭೂಶಿರ. ಫಲಕದಲ್ಲಿ ನೈರುತ್ಯದ ತುದಿ ಎಂದು ಸರಿಯಾಗಿಯೇ ಬರೆದಿದ್ದಾರೆ.

ಹಿಂದಿರುಗುವಾಗ ಸಮುದ್ರ ಇಳಿದಿತ್ತು. ಕೆಳಗಿನ ಬಂಡೆಗಳ ಮೇಲೆ ಬಬೂನ್‌ಗಳ ಇಡೀ ಹಿಂಡು. ಗೆಳತಿ ಕಾರು ನಿಧಾನ ಮಾಡಿ ತೋರಿಸಿದಳು. ಬೆನ್ನ ಮೇಲೆ ಮರಿ ಹೊತ್ತ ತಾಯಂದಿರು, ನಮ್ಮ ಪಚ್ಚಿಲೆಯಂಥ ಚಿಪ್ಪುಗಳನ್ನು ಬಂಡೆಯಿಂದ ಕಿತ್ತು ತಿನ್ನುತ್ತಿದ್ದವು. ಕಡಲಿಗಿಳಿದು ಹೀಗೆ ಹೊಟ್ಟೆ ಹೊರೆಯುವುದು ಈ ಕೇಪಿನ ಬಬೂನ್‌ಗಳ ವಿಶೇಷವಂತೆ. ಅಲೆ ಬಂದಾಗ ಹಿಂದೆ ಹಾರುವವು, ಅಲೆ ಇಳಿದಾಗ ಮತ್ತೆ ಮುಂದೆ. ಒಂದು ಮರಿ ತಾಯಿಯ ಕೈಯಿಂದ ಚಿಪ್ಪು ಕಸಿದು, ಬಾಯಿಗಿಟ್ಟು, ಉಪ್ಪಿಗೆ ಮುಖ ಹಿಂಡಿತು.

ಅಷ್ಟರಲ್ಲಿ ನಮ್ಮ ಮುಂದೆ ಒಂದು ವ್ಯಾನು ನಿಂತಿತು. ಅದರ ಕಿಟಕಿಯಿಂದ ಬಿಸ್ಕತ್ತಿನ ಪೊಟ್ಟಣ ಹಿಡಿದ ಕೈಯೊಂದು ಹೊರಬಂತು. ಬಂಡೆಯ ಮೇಲಿದ್ದ ಒಂದು ಗಂಡು ಚಿಪ್ಪನ್ನು ಬಿಟ್ಟು ತಲೆಯೆತ್ತಿ ನೋಡಿತು. ಗೆಳತಿ ಹಾರ್ನ್ ಮೇಲೆ ಒತ್ತಿದ ಕೈ ತೆಗೆಯಲಿಲ್ಲ. ಆ ಕೈ ಒಳಗೆ ಹೋಗಿ ಕಿಟಕಿ ಮುಚ್ಚುವವರೆಗೂ.