ಬೆಳ್ಳಿತೆರೆಯ ದುರ್ಗ, ನಾವು ಕಂಡ ದುರ್ಗ

ಕಳೆದ ಶ್ರಾವಣದಲ್ಲಿ ಮೊಮ್ಮಗನೊಡನೆ ಚಿತ್ರದುರ್ಗದ ಕೋಟೆಯನ್ನು ಹತ್ತುವ ಪ್ರಸಂಗವೊಂದು ನಮಗೆ ಒದಗಿತು. ಆ ಬೆಟ್ಟದ ಬುಡದಲ್ಲಿಯೇ ವಿದ್ಯಾರ್ಥಿದೆಸೆಯ ಆರು ವರ್ಷಗಳನ್ನು ಕಳೆದವರಾದರೂ, ಮೊಣಕಾಲುಗಳು ಈಗ ಹೇಳಿದ ಮಾತು ಕೇಳದಿರುವುದರಿಂದ, ಮೊದಲ ಬಾಗಿಲಿನಲ್ಲಿಯೇ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡೆವು. ಮೂವತ್ತು ದಾಟದ ತರುಣ. ವಿನಯವಂತ, ಮಾತುಗಾರ. ಹಿಡಿಂಬೇಶ್ವರನ ಗುಡಿ, ಏಕನಾಥೇಶ್ವರಿಯ ಗುಡಿ, ತುಪ್ಪದ ಕೊಳ ಎಂದು ಒಂದೊಂದನ್ನೇ ತೋರಿಸುತ್ತ, ನಡುನಡುವೆ ನಿಂತು, ‘ನಾಗರಹಾವು ಸಿನಿಮಾದಲ್ಲಿ ವಿಷ್ಣುವರ್ಧನ್ ನಿಂತಿದ್ದು ಇಲ್ಲೇ ಸಾರ್, ರಾಮಾಚಾರಿ ಓಡಿ ಬರೋದು ಈ ಕಡೆಯಿಂದ’ ಎಂದು ಕೈತೋರುತ್ತಿದ್ದನು. ನಮಗೆ ಲೆಕ್ಕವಿಡುವ ಕೆಟ್ಟ ಚಾಳಿಯೊಂದಿದೆ. ಬೆಟ್ಟದ ಅರ್ಧ ಏರುವಷ್ಟರಲ್ಲಿ ಮದಕರಿ ನಾಯಕನ ಹೆಸರು ನಾಲ್ಕು ಬಾರಿ, ರಾಮಾಚಾರಿಯ ಹೆಸರು ಒಂಬತ್ತು ಬಾರಿ ಬಂದಿತ್ತು.

ಆತನನ್ನು ನಾವು ದೂರುತ್ತಿಲ್ಲ. ಬಂದವರು ಕೇಳುವುದನ್ನು ಅವನು ಹೇಳುತ್ತಾನೆ. 1972ರ ಡಿಸೆಂಬರಿನ ಕೊನೆಯಲ್ಲಿ ತೆರೆಕಂಡ ಆ ಚಿತ್ರಕ್ಕೆ ಅರ್ಧ ಶತಮಾನ ಕಳೆದಿದ್ದರೂ, ಕನ್ನಡಿಗರಲ್ಲಿ ಬಹುಮಂದಿಗೆ ದುರ್ಗವೆಂದರೆ ಇಂದಿಗೂ ಪುಟ್ಟಣ್ಣ ಕಣಗಾಲರು ತೋರಿಸಿದ ದುರ್ಗವೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಮಾಡಿದ ಚಿತ್ರವದು. ಮೂಲ ಲೇಖಕರಿಗೆ ಆ ಹೆಣಿಗೆ ಹಿಡಿಸಲಿಲ್ಲವೆಂಬುದು ಸಾಹಿತ್ಯಾಸಕ್ತರೆಲ್ಲರೂ ಬಲ್ಲ ಸಂಗತಿ. ಆ ವ್ಯಾಜ್ಯಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಕಥೆಯ ಮಾತು ಹಾಗಿರಲಿ, ಊರಿನ ಗತಿ ಏನಾಯಿತು ಎಂಬುದಷ್ಟೇ ನಮ್ಮ ಜಿಜ್ಞಾಸೆ.

ನಾವು ಆಗ ಹದಿಮೂರರ ಹುಡುಗರು. ರಾಣೆಬೆನ್ನೂರು ಸೀಮೆಯ ಹಳ್ಳಿಯೊಂದರಿಂದ ಬಂದು, ದುರ್ಗದಲ್ಲಿ ಮಠವೊಂದರ ಉಚಿತ ಪ್ರಸಾದನಿಲಯದಲ್ಲಿದ್ದು, ಬೆಳಿಗ್ಗೆ ಸಂಸ್ಕೃತ ಪಾಠಶಾಲೆಗೂ ಮಧ್ಯಾಹ್ನ ಪ್ರೌಢಶಾಲೆಗೂ ಹೋಗುತ್ತಿದ್ದೆವು. ಕೋಟೆಯಲ್ಲಿ ಚಿತ್ರೀಕರಣ ನಡೆದಿದೆಯೆಂಬ ಸುದ್ದಿ ಒಂದು ದಿನ ನಿಲಯದೊಳಗೆ ಹರಿದಾಡಿತು. ಪರವಾನಗಿ ಕೇಳಿದರೆ ಸಿಗುವುದಿಲ್ಲವೆಂದು ಬಲ್ಲ ನಾವು ಮೂವರು, ಬಟ್ಟೆ ಒಗೆಯುವ ನೆಪ ಹೇಳಿ, ಒಗೆಯದ ಬಟ್ಟೆಯ ಗಂಟಿನೊಡನೆಯೇ ಬೆಟ್ಟವೇರಿದೆವು. ಅಲ್ಲಿ ಕಂಡದ್ದೇನು? ಬೆಳ್ಳಿಯ ಕಾಗದ ಅಂಟಿಸಿದ ದೊಡ್ಡ ಹಲಗೆಗಳನ್ನು ಬಿಸಿಲಿಗೆ ಹಿಡಿದು ನಿಂತ ಕೆಲವರು, ಕೊಡೆಯ ಕೆಳಗೆ ಕುಳಿತ ಕೆಲವರು, ಹತ್ತು ಹೆಜ್ಜೆ ನಡೆದು ನಿಂತು, ಮರಳಿ ಬಂದು, ಪುನಃ ಅದೇ ಹತ್ತು ಹೆಜ್ಜೆ ನಡೆಯುತ್ತಿದ್ದ ಒಬ್ಬ ತರುಣ. ಎರಡು ತಾಸು ನಿಂತರೂ ಆ ಹತ್ತು ಹೆಜ್ಜೆ ಮುಗಿಯಲಿಲ್ಲ. ಬೇಸತ್ತು ಇಳಿದು ಬಂದೆವು. ಗಂಟಿನಲ್ಲಿ ಬಟ್ಟೆ ಒಣಗಿದ್ದಲ್ಲ, ನೆನೆದೇ ಇರಲಿಲ್ಲವೆಂಬುದನ್ನು ನಿಲಯದ ಮೇಲ್ವಿಚಾರಕರು ಕೂಡಲೇ ಕಂಡುಹಿಡಿದರು. ಆ ರಾತ್ರಿಯ ಪ್ರಸಾದ ನಮಗೆ ತಪ್ಪಿತು.

ಬಟ್ಟೆಯ ವಿಷಯ ಬಂದುದರಿಂದ ನೀರಿನ ಮಾತನ್ನು ಹೇಳಲೇಬೇಕು. ಆ ದಿನಗಳಲ್ಲಿ ನಾವು ಬಾಳಿದ ದುರ್ಗದ ಮುಖ್ಯ ಸಂಗತಿ ಕಲ್ಲಲ್ಲ, ನೀರು. ಮಳೆ ಕಡಿಮೆಯ ಸೀಮೆಯದು. ಮೇಲೆ ಬರದ ವರ್ಷ. ನಲ್ಲಿ ಬಾರದ ದಿನ ಕೊಡ ಹೊತ್ತು ದೂರದ ಬಾವಿಗೆ ಸಾಲುಗಟ್ಟುವುದೇ ನಮ್ಮ ಪ್ರಾತಃಕಾಲದ ಅನುಷ್ಠಾನವಾಗಿತ್ತು. ಮನೆಗೆ ಬರೆದ ಕಾಗದಗಳಲ್ಲಿ ನಾವು ಅದನ್ನೇ ತೋಡಿಕೊಳ್ಳುತ್ತಿದ್ದೆವು. ಅಕ್ಷರ ಬಾರದ ನಮ್ಮ ತಾಯಿಗೆ ಊರಿನ ಮೇಷ್ಟರು ಆ ಕಾಗದಗಳನ್ನು ಓದಿಹೇಳುವರು.

ಆ ಚಿತ್ರ ನಮ್ಮ ಊರ ಕಡೆಗೆ ಬಂದದ್ದು ಒಂದೆರಡು ವರ್ಷಗಳ ಮೇಲೆ, ಜಾತ್ರೆಯ ಹೊತ್ತಿಗೆ, ಡೇರೆಯ ಟಾಕೀಸಿನಲ್ಲಿ. ಮಗ ಓದುವ ಊರಿನ ಚಿತ್ರವೆಂದು ತಾಯಿಯೂ ಹೋಗಿ ನೋಡಿದಳಂತೆ. ರಜೆಗೆ ಹೋದಾಗ ಅವಳು ಆಡಿದ ಮೊದಲ ಮಾತು ನಮಗೆ ಇನ್ನೂ ಕಿವಿಯಲ್ಲಿದೆ: ‘ಅಷ್ಟು ಚಂದದ ಊರಾಗ ಇದ್ದೀಯಲ್ಲೋ ಮಗನ, ಮತ್ತ ಯಾಕ ಅಳ್ತಿದ್ದಿ?’ ನಾವು ನಿರುತ್ತರರಾದೆವು. ಬಣ್ಣದಲ್ಲಿ ತೆಗೆದ ಬೆಟ್ಟ, ಹೊಂಡದ ತುಂಬ ನೀರು, ಬಂಡೆಗಳ ಮೇಲೆ ಹಾಡುತ್ತ ತೇಲಿದಂತೆ ನಡೆಯುವ ಪ್ರೇಮಿಗಳು, ಇವುಗಳ ಮುಂದೆ ಹನ್ನೆರಡು ಪೈಸೆಯೋ ಹದಿನೈದು ಪೈಸೆಯೋ ಕೊಟ್ಟು ಕೊಂಡ ಕಾಗದದ ಮೇಲೆ ಹುಡುಗನೊಬ್ಬ ಬರೆದ ಸಾಲುಗಳಿಗೆ ಯಾವ ಬೆಲೆ? ತಾಯಿ ಮಗನನ್ನು ನಂಬಲಿಲ್ಲವೆಂದಲ್ಲ. ತಾನೇ ಕಣ್ಣಾರೆ ಕಂಡೆನೆಂದು ಅವಳು ತಿಳಿದಿದ್ದಳು. ಅಂದಿನಿಂದ ನಾವು ನೀರಿನ ವಿಷಯ ಬರೆಯುವುದನ್ನು ಬಿಟ್ಟೆವು. ಅವಳು ನೆಮ್ಮದಿಯಿಂದಿದ್ದಾಳೆ, ಇರಲಿ ಎಂದುಕೊಂಡೆವು.

ಚಿತ್ರ ಸುಳ್ಳು ಹೇಳಿತೇ ಎಂದು ಕೇಳಿದರೆ, ಇಲ್ಲವೆಂದೇ ನಮ್ಮ ಉತ್ತರ. ಅದು ತೋರಿಸಿದ ಒಂದೊಂದು ಬಂಡೆಯೂ ದುರ್ಗದ್ದೇ. ಆದರೆ ನಡೆದು ಬಲ್ಲವನ ಊರೇ ಬೇರೆ, ನೋಡಿ ಬಲ್ಲವನ ಊರೇ ಬೇರೆ. ದುರ್ಗದ ಕೋಟೆಯ ಬಾಗಿಲುಗಳು ಒಂದರ ನೇರಕ್ಕೆ ಒಂದಿಲ್ಲ. ಹಾವಿನಂತೆ ಬಳಸಿ ಬಳಸಿ ಹೋಗಬೇಕು. ವೈರಿಯ ಆನೆ ಓಡಿಬಂದು ಬಾಗಿಲನ್ನು ಗುದ್ದಲು ಆಸ್ಪದವಿರಬಾರದೆಂದು ಹಿರಿಯರು ಮಾಡಿದ ಯುಕ್ತಿಯದು. ಮನುಷ್ಯನನ್ನು ನಿಧಾನಿಸುವಂತೆ ಮಾಡುವುದೇ ಆ ಕೋಟೆಯ ಧರ್ಮ. ಸಿನಿಮಾಕ್ಕಾದರೋ ನಿಧಾನವೆಂಬುದಿಲ್ಲ. ಹಾಡಿನ ಒಂದು ಚರಣ ಈ ಹೊಂಡದ ಮೆಟ್ಟಿಲ ಮೇಲೆ ಮುಗಿದರೆ ಮುಂದಿನ ಚರಣ ಅರ್ಧ ಹರದಾರಿಯ ಆಚೆಯ ಗುಡಿಯ ಮುಂದೆ ಆರಂಭವಾಗುತ್ತದೆ. ನಡುವಣ ಏರು, ಬೆವರು, ಬಾಯಾರಿಕೆ ಇವೆಲ್ಲ ಕತ್ತರಿಯ ಪಾಲು.

ಹೊಂಡಗಳ ವಿಷಯವೂ ಹಾಗೆಯೇ. ತೆರೆಯ ಮೇಲೆ ಹೊಂಡವೆಂದರೆ ನಾಯಕ ನಾಯಕಿಯರ ಹಿಂದೆ ಮಿನುಗುವ ಒಂದು ಹಸಿರು ಬಣ್ಣ. ನಿಜದಲ್ಲಿ ಅದು ಒಂದು ಪೇಟೆಯ ಜೀವ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತದೆ. ಅದು ತುಂಬಿ ಹೆಚ್ಚಾದ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವಂತೆ ನಾಯಕರ ಕಾಲದವರು ಏರ್ಪಡಿಸಿದ್ದರು. ಮೇಲಿನವನ ಪಾತ್ರೆ ತುಂಬಿದ ಮೇಲೆ ಕೆಳಗಿನವನಿಗೆ ಎಂಬ ಈ ಕ್ರಮದಿಂದ, ಮುತ್ತಿಗೆ ಹಾಕಿದವರಿಗೆ ನೀರಿಲ್ಲದಿದ್ದರೂ ಒಳಗಿದ್ದವರಿಗೆ ಇರುತ್ತಿತ್ತು. ಇದನ್ನು ನಮಗೆ ತಿಳಿಸಿದವರು ಇತಿಹಾಸದ ಅಧ್ಯಾಪಕರಲ್ಲ, ಸಿಹಿನೀರು ಹೊಂಡದ ದಂಡೆಯಲ್ಲಿ ಬಟ್ಟೆ ಒಗೆಯಲು ಬರುತ್ತಿದ್ದ ಒಬ್ಬ ಮುದುಕ.

ಊರುಗಳನ್ನು ಹೀಗೆ ತೆರೆಗೆ ಒಪ್ಪಿಸಿದ ಕಥೆ ದುರ್ಗ ಒಂದರದ್ದೇ ಅಲ್ಲ. 1975ರ ‘ಶೋಲೆ’ಯಲ್ಲಿ ನಮ್ಮ ರಾಮನಗರದ ಬೆಟ್ಟಗಳು ರಾಮಗಢವೆಂಬ ಊರಾದವು. ಡೇವಿಡ್ ಲೀನರ ಆಂಗ್ಲ ಚಿತ್ರದಲ್ಲಿ ಅದೇ ರಾಮನಗರ ಮತ್ತು ಸಾವನದುರ್ಗದ ಕಲ್ಲುಗಳು ಬಿಹಾರದ ಗುಹೆಗಳಾದವು. ಪರರ ಹೆಸರು ಹೊತ್ತ ಊರಿಗೆ ಒಂದು ವಿಧದಲ್ಲಿ ಲಾಭವೇ. ಚಿತ್ರ ಮುಗಿದ ಮೇಲೆ ತನ್ನ ಹೆಸರು ತನಗೆ ಉಳಿಯುತ್ತದೆ. ಶಂಕರ್ ನಾಗ್ ಅವರು ಆರ್.ಕೆ. ನಾರಾಯಣರ ಮಾಲ್ಗುಡಿಯನ್ನು ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಕಟ್ಟಿದರು. ನಾವು ಒಮ್ಮೆ ಆಗುಂಬೆಗೆ ಹೋದಾಗ, ಧಾರಾವಾಹಿಯಲ್ಲಿ ಬಂದ ಆ ದೊಡ್ಡ ಮನೆಯ ಮುಂದೆ ನಿಂತ ದಂಪತಿಗಳು, ‘ಮಾಲ್ಗುಡಿ ಇದೇ’ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಆ ಮಕ್ಕಳಿಗೆ ಆಗುಂಬೆಯ ಮಳೆಯ ಬಗ್ಗೆ ಯಾರಾದರೂ ಹೇಳಿದರೋ ಇಲ್ಲವೋ. ದುರ್ಗದ ಪಾಡು ಇವೆರಡಕ್ಕಿಂತಲೂ ಸೂಕ್ಷ್ಮವಾದುದು. ಅದು ತನ್ನದೇ ಹೆಸರಿನಲ್ಲಿ ತೆರೆಯ ಮೇಲೆ ಬಂದುದರಿಂದ, ಎರಡು ದುರ್ಗಗಳೂ ಒಂದೇ ಹೆಸರಿಗೆ ಓಗೊಡುತ್ತವೆ. ಇದೇ ಸೀಮೆಯ ಸಂಗೀತಗಾರನೊಬ್ಬನ ಕಥೆಯನ್ನು, ತ.ರಾ.ಸು. ಅವರದೇ ಕಾದಂಬರಿಯಿಂದ, ಜಿ.ವಿ. ಅಯ್ಯರ್ ಅವರು 1975ರಲ್ಲಿ ‘ಹಂಸಗೀತೆ’ಯಾಗಿ ತೆಗೆದರು. ಅದು ನಮ್ಮ ಮನಸ್ಸಿಗೆ ಹೆಚ್ಚು ಒಪ್ಪಿದ ಚಿತ್ರ. ಆದರೆ ಅದರ ಹೆಸರನ್ನು ಮಾರ್ಗದರ್ಶಿಗಳು ಯಾರೂ ಎತ್ತುವುದನ್ನು ನಾವು ಕೇಳಿಲ್ಲ.

ಇಷ್ಟೆಲ್ಲ ಬರೆಯುವ ನಾವು ಆ ಮೋಹದಿಂದ ಪಾರಾದವರೇ ಎಂದರೆ, ಅಲ್ಲ. ಅದನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗದು.

ಇಪ್ಪತ್ತೈದು ವರ್ಷಗಳಿಗೂ ಹಿಂದೆ, ದುರ್ಗದ ಸೀಮೆಯ ಒಂದು ಹಳ್ಳಿಯಲ್ಲಿ ಶ್ರಾವಣದ ಪ್ರವಚನಕ್ಕೆ ನಮ್ಮನ್ನು ಕರೆದಿದ್ದರು. ಒಂದು ಸಂಜೆ ತಾಯಂದಿರೇ ಹೆಚ್ಚಾಗಿ ನೆರೆದುದನ್ನು ಕಂಡು, ಒನಕೆ ಓಬವ್ವನ ಪ್ರಸಂಗವನ್ನು ಎತ್ತಿಕೊಂಡೆವು. ಹೈದರನ ಮುತ್ತಿಗೆ, ಕಾವಲುಗಾರ ಗಂಡ ಊಟಕ್ಕೆ ಬಂದುದು, ಬಂಡೆಯ ಕಿಂಡಿಯಲ್ಲಿ ಒಬ್ಬೊಬ್ಬನಾಗಿ ನುಸುಳಿದ ಶತ್ರುಗಳು. ವರ್ಣನೆ ನಮಗೆ ಒಲಿದು ಬಂದಿತ್ತು. ಓಬವ್ವನ ಕಚ್ಚೆ ಹಾಕಿದ ಸೀರೆ, ಹಣೆಯ ಅಗಲವಾದ ಕುಂಕುಮ, ಕೆದರಿದ ಮುಡಿ, ಕಣ್ಣಿನ ಕಿಡಿ, ಎಲ್ಲವನ್ನೂ ಕಂಡವರಂತೆ ಹೇಳಿದೆವು. ಸಭೆ ಮೆಚ್ಚಿತು. ಮಂಗಳವಾದ ಮೇಲೆ, ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು ನಮಸ್ಕರಿಸಿ ಕೇಳಿದಳು:

‘ಶಾಸ್ತ್ರಿಗಳೇ, ನೀವು ಹೇಳಿದ್ದು ಸಿನಿಮಾದ ಓಬವ್ವನ್ನ ಅಲ್ವರಾ?’

ನಮಗೆ ಒಮ್ಮೆಲೇ ಹೊಳೆಯಿತು. ಓಬವ್ವನ ಕಾಲದ ಚಿತ್ರಪಟ ಯಾವುದೂ ಇಲ್ಲ. ನಾವು ಅಷ್ಟು ಹೊತ್ತು ವರ್ಣಿಸಿದ್ದು ಪುಟ್ಟಣ್ಣನವರ ಚಿತ್ರದಲ್ಲಿ ಕೆಲವು ನಿಮಿಷಗಳ ಹಾಡೊಂದರಲ್ಲಿ ಬಂದುಹೋಗುವ ನಟಿ ಜಯಂತಿಯವರನ್ನು. ಮಠದಲ್ಲಿ ಹನ್ನೆರಡು ವರ್ಷ ತರ್ಕ ವ್ಯಾಕರಣಗಳನ್ನು ಓದಿ, ಪ್ರಮಾಣವಿಲ್ಲದೆ ಮಾತನಾಡಬಾರದೆಂದು ಕಲಿತ ನಾವು, ಚಿತ್ರಮಂದಿರದಲ್ಲಿ ಕಂಡದ್ದನ್ನು ಪ್ರತ್ಯಕ್ಷ ಪ್ರಮಾಣವೆಂದು ಬಗೆದಿದ್ದೆವು. ಕಾಗದವನ್ನು ಬಿಟ್ಟು ತೆರೆಯನ್ನು ನಂಬಿದ ನಮ್ಮ ತಾಯಿಗಾದರೂ ಓದು ಇರಲಿಲ್ಲ.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ‘ಆಯಮ್ಮ ನೀರು ತರಕ್ಕೆ ಹೋಗಿದ್ದಕ್ಕೇ ಅಲ್ವರಾ ಅವ್ರು ಕಣ್ಣಿಗೆ ಬಿದ್ದಿದ್ದು? ಕೊಡ ಎಲ್ಲಿಟ್ಲು ಅಂತ ನೀವು ಹೇಳ್ನೇ ಇಲ್ಲ’ ಎಂದಳು. ಅವಳ ಬಾಯಲ್ಲಿ ಅದು ಕುಹಕವಾಗಿರಲಿಲ್ಲ. ಆಕೆಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ತುಂಬಿದ ಕೊಡವೋ ಬರಿದಾದ ಕೊಡವೋ, ಸದ್ದಾಗದಂತೆ ಅದನ್ನು ಎಲ್ಲಿ ಇಳಿಸಿದಳು, ಒನಕೆ ತರಲು ಮನೆಗೆ ಹಿಂದಿರುಗುವಾಗ ಸೊಂಟದ ಮೇಲೆಯೇ ಇತ್ತೋ, ಗಂಡನಿಗೆ ಬಡಿಸಿದ ಊಟಕ್ಕೆ ನೀರು ಸಿಕ್ಕಿತೋ ಇಲ್ಲವೋ. ಜೀವಮಾನವಿಡೀ ನೀರು ಹೊತ್ತವಳು ಮಾತ್ರ ಕೇಳಬಲ್ಲ ಪ್ರಶ್ನೆಯದು. ಒಂದು ಕಾಲಕ್ಕೆ ಅದೇ ಊರಿನಲ್ಲಿ ಕೊಡ ಹೊತ್ತಿದ್ದ ನಮಗೂ ಅದು ಹೊಳೆಯಬೇಕಾಗಿತ್ತು. ನಮ್ಮ ಕಣ್ಣೆಲ್ಲ ಒನಕೆಯ ಮೇಲಿತ್ತು.

ಆ ಪ್ರಸಂಗವನ್ನು ನಾವು ಅನಂತರ ಅನೇಕ ಕಡೆ ಹೇಳಿದ್ದೇವೆ. ಸೀರೆಯ ವರ್ಣನೆಯನ್ನು ಬಿಟ್ಟಿದ್ದೇವೆ. ಆದರೆ ಮನಸ್ಸಿನೊಳಗಿನ ಮುಖವನ್ನು ಬಿಡಿಸುವ ಉಪಾಯ ಇಂದಿಗೂ ದೊರೆತಿಲ್ಲ. 2021ರಲ್ಲಿ ಜಯಂತಿಯವರು ತೀರಿಕೊಂಡ ದಿನ ನಮ್ಮ ಮನೆಯವರು ಅಡುಗೆಮನೆಯಿಂದ ಹೊರಬಂದು, ‘ಓಬವ್ವ ಹೋದಳಂತೆ’ ಎಂದರು. ನಾವೂ, ‘ಹೌದಂತೆ’ ಎಂದೆವು.

ಇರಲಿ, ಶ್ರಾವಣದ ಆ ದಿನಕ್ಕೆ ಮರಳೋಣ. ಕಿಂಡಿಯ ಬಳಿ ಜನಸಂದಣಿ. ಒಬ್ಬೊಬ್ಬರಾಗಿ ಆ ಬಿರುಕಿನಲ್ಲಿ ನುಸುಳುವುದು, ಮೇಲೆ ನಿಂತವರು ಇಲ್ಲದ ಒನಕೆಯನ್ನು ಎತ್ತಿದಂತೆ ಕೈಮಾಡುವುದು, ಮೊಬೈಲಿನಲ್ಲಿ ಚಿತ್ರ ತೆಗೆಯುವುದು. ಮೊಮ್ಮಗನೂ ಒಮ್ಮೆ ನುಸುಳಿ ಬಂದನು. ಬಂದವನೇ, ‘ಅಜ್ಜ, ಓಬವ್ವ ನೀರಿಗೆ ಹೋಗಿದ್ದಳು ಅಂದ್ಯಲ್ಲ, ನೀರು ಎಲ್ಲಿದೆ?’ ಎಂದು ಕೇಳಿದನು. ಸಮೀಪದಲ್ಲಿಯೇ ಇರುವ ತಣ್ಣೀರು ದೋಣಿಗೆ ಅವನನ್ನು ಕರೆದೊಯ್ದೆವು. ಬಂಡೆಯ ನೆರಳಿನಲ್ಲಿ ಪುಟ್ಟ ನೀರಿನ ತಾಣ. ಅಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಅಜ್ಜಿಯ ಪ್ರಶ್ನೆಯನ್ನು ಅವನ ಮುಂದಿಟ್ಟೆವು. ಹುಡುಗ ಅದನ್ನು ಒಂದು ಲೆಕ್ಕದಂತೆ ತೆಗೆದುಕೊಂಡನು. ಕಿಂಡಿಯ ಕಡೆಗೊಮ್ಮೆ, ನೀರಿನ ಕಡೆಗೊಮ್ಮೆ ನೋಡಿ, ಅಲ್ಲಿಂದಿಲ್ಲಿಗೆ ಹೆಜ್ಜೆ ಅಳೆದು, ದಾರಿಯ ಬದಿಯ ಒಂದು ಸಮತಟ್ಟಾದ ಕಲ್ಲಿನ ಮೇಲೆ ತನ್ನ ನೀರಿನ ಬಾಟಲಿಯನ್ನು ಸದ್ದಾಗದಂತೆ ಇಳಿಸಿದನು.

‘ಇಲ್ಲಿಟ್ಟಿರಬಹುದು, ಅಜ್ಜ.’

‘ಇಡಬಹುದು’ ಎಂದೆವು.

ಅಷ್ಟರಲ್ಲಿ ಮೇಲಿನಿಂದ ಮಾರ್ಗದರ್ಶಿ ಕೂಗಿದನು: ‘ಸಾರ್, ಅಲ್ಲೇನೂ ಇಲ್ಲ, ಬನ್ನಿ. ಸಿನಿಮಾದ ಕ್ಲೈಮ್ಯಾಕ್ಸ್ ಜಾಗ ತೋರಿಸ್ತೀನಿ.’

ಹುಡುಗ ಬಾಟಲಿಯನ್ನು ಕಲ್ಲಿನ ಮೇಲೆಯೇ ಮರೆತು ಓಡಿದನು. ಅದನ್ನು ತೆಗೆದುಕೊಂಡು, ಉಸಿರು ಸುಧಾರಿಸಿಕೊಂಡು, ನಾವು ನಿಧಾನವಾಗಿ ಮೇಲೆ ಹತ್ತಿದೆವು.