ಕ್ಯಾಮರಾ ಹೊರಗಿಟ್ಟು ಬನ್ನಿ

ಕರಾವಳಿಯ ನಮ್ಮ ಮನೆಗಳಲ್ಲಿ ಗಲ್ಫಿನ ಫೋಟೊಗಳಿಗೆ ಅವುಗಳದೇ ಆದ ಒಂದು ಚರಿತ್ರೆಯಿದೆ. ಎಂಬತ್ತರ ದಶಕದಲ್ಲಿ ಅವು ಏರ್‌ಮೇಲ್ ಲಕೋಟೆಯಲ್ಲಿ, ಪತ್ರದ ಮಡಿಕೆಯೊಳಗೆ ಅಡಗಿ ಬರುತ್ತಿದ್ದವು. ತನ್ನದಲ್ಲದ ಕಾರಿಗೆ ಒರಗಿ ನಿಂತ ಚಿಕ್ಕಪ್ಪ, ಯಾರದೋ ಮನೆಯ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ಮಾಮ. ಆ ಚಿತ್ರಗಳಲ್ಲಿ ಒಂದಿಷ್ಟು ಸುಳ್ಳು ಇತ್ತು, ನಿಜ. ಆದರೆ ಅದು ಅವರದೇ ಸುಳ್ಳು. ಯಾವ ಕಾರಿಗೆ ಒರಗಬೇಕು, ಯಾವ ಕೋಟು ಸಾಲ ತರಬೇಕು ಎಂದು ಅವರೇ ತೀರ್ಮಾನಿಸಿದ್ದರು. ಒಂದೇ ರೂಮಿನಲ್ಲಿ ಮಲಗುತ್ತಿದ್ದ ಗೆಳೆಯ ಆ ಫೋಟೊ ತೆಗೆದಿರುತ್ತಿದ್ದ.

ಈಗ ಶೋಕೇಸಿನಲ್ಲಿ ಬೇರೆಯದೇ ಚಿತ್ರ ಬಂದು ಕುಳಿತಿದೆ. ನೀಲಿ ನೀರು, ಕಪ್ಪು ಈಜುಡುಪು ತೊಟ್ಟ ನಮ್ಮ ಮಕ್ಕಳು, ಅವರ ಕೆನ್ನೆಗೆ ಮೂತಿ ತಾಗಿಸಿದ ಒಂದು ಡಾಲ್ಫಿನ್. ಒಂದು ಮದುವೆ ಸೀಸನ್ನಿನಲ್ಲಿ ಮೂರು ಮನೆಗಳಲ್ಲಿ ಇದೇ ಫೋಟೊ ಕಂಡೆವು. ಮಕ್ಕಳ ಮುಖ ಮಾತ್ರ ಬೇರೆ. ಡಾಲ್ಫಿನ್ನಿನ ಕೋನ, ನೀರಿನ ಬಣ್ಣ, ಮೂಲೆಯಲ್ಲಿರುವ ಕಂಪೆನಿಯ ಗುರುತು ಎಲ್ಲವೂ ಒಂದೇ. ಇವು ಹೀಗೆ ಅಚ್ಚೊತ್ತಿದಂತೆ ಇರುವುದು ಯಾಕೆ ಎಂಬುದು ನಮಗೆ ತಿಳಿದದ್ದು ನಾವೇ ಅಂಥದ್ದೊಂದು ಕೊಳದ ಬಾಗಿಲಿಗೆ ಹೋದಾಗ.

ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ದುಬೈಗೆ ಹೋಗಿದ್ದೆವು. ಮಕ್ಕಳ ಮಾಮ ಅಲ್ಲಿ ಕೆಲಸದಲ್ಲಿದ್ದಾರೆ. ಸೋದರಳಿಯ ಸೊಸೆಯರಿಗೆ ಉಡುಗೊರೆಯೆಂದು ಡಾಲ್ಫಿನ್ ಜೊತೆ ಈಜುವ ಟಿಕೆಟುಗಳನ್ನು ಮೊದಲೇ ತೆಗೆದಿಟ್ಟಿದ್ದರು. ಮಗಳು ತನ್ನ ಈದ್ ಹಣ ಕೂಡಿಟ್ಟು ದೇರಾದ ಅಂಗಡಿಯೊಂದರಲ್ಲಿ ನೀರಿನಲ್ಲೂ ಕೆಲಸ ಮಾಡುವ ಪುಟ್ಟ ಕ್ಯಾಮರಾ ಕೊಂಡಳು. ರಾತ್ರಿಯೆಲ್ಲ ಬಕೆಟಿನ ನೀರಿನಲ್ಲಿ ಮುಳುಗಿಸಿ ಪರೀಕ್ಷೆ. ಬೆಳಿಗ್ಗೆ ಕೌಂಟರಿನಲ್ಲಿದ್ದ ಹುಡುಗಿ ಆ ಕ್ಯಾಮರಾ ಕಂಡದ್ದೇ ಲಾಕರ್ ತೋರಿಸಿದಳು. ಕ್ಯಾಮರಾ, ಮೊಬೈಲ್, ವಾಚು, ಬಳೆ, ಉಂಗುರ ಎಲ್ಲವೂ ಒಳಗೆ. ದಡದಲ್ಲಿ ನಿಂತು ನೋಡುವವರಿಗೂ ಇದೇ ನಿಯಮ.

ನಿಯಮಕ್ಕೆ ಕೊಟ್ಟ ಕಾರಣ ಸುಳ್ಳಲ್ಲ. ಡಾಲ್ಫಿನ್ನುಗಳು ನೀರಿಗೆ ಬಿದ್ದ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುತ್ತವೆ, ಕೆಲವೊಮ್ಮೆ ನುಂಗಿಯೂ ಬಿಡುತ್ತವೆ. ಹೊಟ್ಟೆ ಸೇರಿದ ಪ್ಲಾಸ್ಟಿಕ್ ಅವುಗಳ ಜೀವವನ್ನೇ ತೆಗೆಯಬಹುದು. ಚರ್ಮ ಬಹಳ ನಯ. ಉಂಗುರದ ಅಂಚು ತಾಗಿದರೆ ಗೀರು ಬೀಳುತ್ತದೆ. ಇದನ್ನು ಮಗಳಿಗೆ ವಿವರಿಸಿದಾಗ ಅವಳು ಜಗಳವಾಡದೆ ಕ್ಯಾಮರಾ ಲಾಕರಿಗೆ ಹಾಕಿದಳು. ಒಂದು ಪ್ರಾಣಿಯ ಒಳಿತಿಗಾಗಿ ನಮ್ಮದೊಂದು ಆಸೆ ಬಿಡುವುದು ಒಳ್ಳೆಯ ಅಭ್ಯಾಸವೇ.

ಆದರೆ ಕೊಳದ ಬಳಿಗೆ ಹೋದಾಗ ಅಲ್ಲೊಬ್ಬ ಸೊಂಟದವರೆಗಿನ ನೀರಿನಲ್ಲಿ ದೊಡ್ಡ ಕ್ಯಾಮರಾ ಹಿಡಿದು ನಿಂತಿದ್ದ. ಕಂಪೆನಿಯ ಛಾಯಾಗ್ರಾಹಕ.

ಮುಂದಿನ ಅರ್ಧ ಗಂಟೆಯನ್ನು ನಾವು ದಡದಿಂದ ನೋಡಿದೆವು. ಹತ್ತು ಜನರ ತಂಡ, ಒಂದು ಡಾಲ್ಫಿನ್, ಒಬ್ಬಳು ತರಬೇತುದಾರ್ತಿ, ಅವಳ ಸೊಂಟದಲ್ಲಿ ಮೀನಿನ ಡಬ್ಬಿ. ಸಿಳ್ಳೆ ಊದಿದರೆ ಡಾಲ್ಫಿನ್ ಬರುತ್ತದೆ. ಬೆನ್ನು ಸವರಿಸಿಕೊಳ್ಳುತ್ತದೆ, ಮೂತಿ ಎತ್ತಿ ಕೆನ್ನೆಗೆ ತಾಗಿಸುತ್ತದೆ. ಕ್ಯಾಮರಾದವನು ಬೆರಳೆತ್ತುವವರೆಗೆ ಹಾಗೆಯೇ ನಿಲ್ಲುತ್ತದೆ. ಆಮೇಲೆ ಒಂದು ಮೀನು. ಮುಂದಿನವರು ಬನ್ನಿ. ಈಜುವುದು ಎಂದು ಟಿಕೆಟಿನಲ್ಲಿ ಬರೆದಿತ್ತು. ನಮ್ಮ ಮಕ್ಕಳು ಈಜಿದ್ದು ಕಡಿಮೆ, ಸಾಲಿನಲ್ಲಿ ನಿಂತದ್ದೇ ಹೆಚ್ಚು. ಮಗ ಒಮ್ಮೆ ಡಾಲ್ಫಿನ್ ಹೋದ ದಿಕ್ಕಿಗೆ ತಿರುಗಿ ಅದನ್ನೇ ನೋಡುತ್ತ ನಿಂತುಬಿಟ್ಟ. ಕ್ಯಾಮರಾದವನು ನಯವಾಗಿಯೇ ಅವನ ಗಲ್ಲ ಹಿಡಿದು ಲೆನ್ಸಿನ ಕಡೆ ತಿರುಗಿಸಿದ. ಅತ್ತ ಗೇಟಿನ ಬಳಿ ಮುಂದಿನ ಹತ್ತು ಜನ ಆಗಲೇ ಈಜುಡುಪು ತೊಟ್ಟು ನಿಂತಿದ್ದರು.

ಎಲ್ಲರ ಬಾಯಲ್ಲೂ ಒಂದೇ ಮಾತು, ಎಷ್ಟು ಚೆನ್ನಾಗಿ ನಗುತ್ತದೆ ನೋಡಿ ಎಂದು. ಡಾಲ್ಫಿನ್ನಿನ ಬಾಯಿಯ ಅಂಚು ಹುಟ್ಟಿನಿಂದಲೇ ಮೇಲಕ್ಕೆ ಬಾಗಿರುತ್ತದೆ. ನಮ್ಮಂತೆ ಮುಖದಲ್ಲಿ ಭಾವ ತೋರಿಸುವುದು ಅದಕ್ಕೆ ಸಾಧ್ಯವಿಲ್ಲ. ಹಸಿದಾಗಲೂ ಅದು ನಗುತ್ತಿರುತ್ತದೆ, ನೋವಿದ್ದಾಗಲೂ ನಗುತ್ತಿರುತ್ತದೆ, ಸತ್ತು ದಡಕ್ಕೆ ಬಿದ್ದಾಗಲೂ ಮುಖ ಹಾಗೆಯೇ. ಫೋಟೊ ವ್ಯಾಪಾರಕ್ಕೆ ಇದಕ್ಕಿಂತ ಅನುಕೂಲವಾದ ಮುಖ ಬೇರೆ ಯಾವ ಪ್ರಾಣಿಗೂ ಇರಲಾರದು.

ಹೊರಬರುವ ದಾರಿ ಫೋಟೊ ಅಂಗಡಿಯ ಮೂಲಕವೇ ಹಾಯುತ್ತದೆ. ಗೋಡೆಯಗಲದ ಪರದೆಗಳಲ್ಲಿ ಆ ದಿನದವರ ಚಿತ್ರಗಳು ಒಂದರ ಹಿಂದೊಂದು ಬರುತ್ತಿದ್ದವು. ಮೈಗಂಟಿದ ಒದ್ದೆ ಉಡುಪಿನಲ್ಲಿ ನಮ್ಮ ಮಗಳು, ಆಳೆತ್ತರದ ಚಿತ್ರವಾಗಿ, ಗುರುತಿಲ್ಲದ ನೂರು ಜನರ ಎದುರು. ಕೊಳದಲ್ಲಿ ನಗುತ್ತಿದ್ದವಳು ಅಲ್ಲಿ ತಾಯಿಯ ಹಿಂದೆ ಸರಿದು ನಿಂತಳು. ಆ ಚಿತ್ರ ಅವಳದು, ತೆಗೆದದ್ದು ಅವರು, ನೋಡುತ್ತಿದ್ದದ್ದು ಊರೆಲ್ಲ. ಬೇಕೆಂದರೆ ಕೊಳ್ಳಬೇಕು. ಒಂದೇ ಫೋಟೊ ಕೊಡುವುದಿಲ್ಲ, ಪ್ಯಾಕೇಜೇ ತೆಗೆದುಕೊಳ್ಳಬೇಕು. ಅದರ ಬೆಲೆ ಟಿಕೆಟಿನ ಬೆಲೆಯ ಹತ್ತಿರ ಹತ್ತಿರ.

“ಇರಲಿ ಭಾವ, ನಾನು ಕೊಡುತ್ತೇನೆ, ಮಕ್ಕಳ ನೆನಪಿಗೆ” ಎಂದರು ಮಾಮ.

“ಬೇಡ. ಕೊಂಡರೂ ಒಂದು ಪ್ರತಿ ಇವರಲ್ಲೇ ಉಳಿಯುತ್ತದಲ್ಲ?”

ಕೊಳ್ಳದಿದ್ದವರ ಚಿತ್ರಗಳನ್ನು ಏನು ಮಾಡುತ್ತೀರಿ ಎಂದು ಕೌಂಟರಿನಲ್ಲಿ ಕೇಳಿದೆವು. ಅಳಿಸುತ್ತೇವೆ ಎಂದರು. ಯಾವಾಗ ಎಂದರೆ ಉತ್ತರವಿಲ್ಲ. ನಮ್ಮ ಮುಂದೆಯೇ ಅಳಿಸಿ ಎಂದು ಪಟ್ಟು ಹಿಡಿದು ನಿಂತೆವು. ಇಪ್ಪತ್ತು ನಿಮಿಷ, ಮೂವರು ಅಧಿಕಾರಿಗಳು. ಕೊನೆಗೆ ಅಳಿಸಿದರು. ಇದನ್ನು ಮುಸ್ಲಿಮರ ಸಂಕೋಚವೆಂದು ಯಾರೂ ಪಕ್ಕಕ್ಕೆ ಸರಿಸಬೇಕಾಗಿಲ್ಲ. ನಮ್ಮ ಹಿಂದೆಯೇ ನಿಂತಿದ್ದ ಕೇರಳದ ಒಂದು ಕ್ರೈಸ್ತ ಕುಟುಂಬವೂ ತಮ್ಮ ಮಗಳ ಚಿತ್ರಕ್ಕೆ ಅದನ್ನೇ ಕೇಳಿತು. ಹೆಣ್ಣು ಮಕ್ಕಳ ಚಿತ್ರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಜಾತಿ ಧರ್ಮವಿಲ್ಲ.

ಊರಿಗೆ ಬಂದ ಮೇಲೆ ಈ ಕ್ಯಾಮರಾ ವಿಷಯ ನಮ್ಮನ್ನು ಬಿಡಲಿಲ್ಲ. ಓದುತ್ತ ಹೋದಂತೆ ಡಾಲ್ಫಿನ್ನುಗಳ ಈ ಕತೆಯೆಲ್ಲ ಕ್ಯಾಮರಾದ ಕತೆಯೇ ಎಂದು ತಿಳಿಯಿತು. ಅಮೆರಿಕದ ಟಿವಿಯಲ್ಲಿ 1964ರಿಂದ 1967ರವರೆಗೆ ‘ಫ್ಲಿಪ್ಪರ್’ ಎಂಬ ಧಾರಾವಾಹಿ ಬಂತು. ಮನುಷ್ಯನ ಗೆಳೆಯನಾದ ಡಾಲ್ಫಿನ್ನಿನ ಕತೆ. ಲೋಕದ ಮಕ್ಕಳಿಗೆ ಡಾಲ್ಫಿನ್ ಮೇಲೆ ಪ್ರೀತಿ ಹುಟ್ಟಿಸಿದ್ದು ಅದು. ಡಾಲ್ಫಿನ್ನನ್ನು ಹಿಡಿದು ಕೊಳದಲ್ಲಿಡುವ ವ್ಯಾಪಾರಕ್ಕೆ ಹುರುಪು ಕೊಟ್ಟದ್ದೂ ಅದೇ. ಅದರ ಡಾಲ್ಫಿನ್ನುಗಳಿಗೆ ತರಬೇತಿ ಕೊಟ್ಟವರು ರಿಕ್ ಒ'ಬ್ಯಾರಿ. ಅವುಗಳಲ್ಲೊಂದಾದ ಕ್ಯಾಥಿ 1970ರಲ್ಲಿ ಸತ್ತಾಗ ಅವರ ಮನಸ್ಸು ತಿರುಗಿತು. ಅಲ್ಲಿಂದೀಚೆಗೆ ಅವರ ಬದುಕೆಲ್ಲ ಡಾಲ್ಫಿನ್ನುಗಳನ್ನು ಕೊಳದಿಂದ ಬಿಡಿಸುವ ಹೋರಾಟ.

ಅವರು ಕಾಣಿಸಿಕೊಂಡ ‘ದ ಕೋವ್’ ಎಂಬ ಸಾಕ್ಷ್ಯಚಿತ್ರ 2009ರಲ್ಲಿ ಬಂತು, ಮರುವರ್ಷ ಆಸ್ಕರ್ ಪಡೆಯಿತು. ಜಪಾನಿನ ತೈಜಿ ಎಂಬ ಊರಿನಲ್ಲಿ ದೋಣಿಗಳಿಂದ ಸದ್ದು ಮಾಡಿ ಡಾಲ್ಫಿನ್ನುಗಳನ್ನು ಕೊಲ್ಲಿಯೊಳಕ್ಕೆ ಅಟ್ಟುತ್ತಾರೆ. ನೋಡಲು ಚೆನ್ನಾಗಿರುವ ಕೆಲವನ್ನು ಆರಿಸಿ ಜೀವಂತವಾಗಿ ಪ್ರದರ್ಶನ ಕೇಂದ್ರಗಳಿಗೆ ಮಾರುತ್ತಾರೆ. ಉಳಿದ ಬಹಳಷ್ಟನ್ನು ಮಾಂಸಕ್ಕಾಗಿ ಕೊಲ್ಲುತ್ತಾರೆ. ಆ ಕೊಲ್ಲಿಯ ಬಳಿ ಹೊರಗಿನವರ ಕ್ಯಾಮರಾಗಳಿಗೆ ಪ್ರವೇಶವಿರಲಿಲ್ಲ. ಚಿತ್ರ ತಂಡದವರು ಕೃತಕ ಬಂಡೆಗಳನ್ನು ಮಾಡಿಸಿ, ಅವುಗಳ ಹೊಟ್ಟೆಯಲ್ಲಿ ಕ್ಯಾಮರಾ ಅಡಗಿಸಿ, ರಾತ್ರಿ ಹೊತ್ತು ಕದ್ದು ಹೋಗಿ ಇಟ್ಟು ಬಂದರು. ಕೊಲ್ಲಿಯ ನೀರು ಕೆಂಪಾಗುವುದನ್ನು ಲೋಕ ಕಂಡದ್ದು ಆ ಬಂಡೆಗಳ ಕಣ್ಣಿನಿಂದ. ಒಂದು ಕಡೆ ನಗುವ ಮುಖವನ್ನಷ್ಟೇ ತೋರಿಸುವ ಕ್ಯಾಮರಾ, ಇನ್ನೊಂದು ಕಡೆ ಬಾಗಿಲು ಹಾಕಿದಲ್ಲಿಗೆ ನುಗ್ಗುವ ಕ್ಯಾಮರಾ. ಎರಡರ ಯಂತ್ರವೂ ಒಂದೇ, ಹಿಡಿದ ಕೈ ಬೇರೆ.

ದುಬೈಯ ಡಾಲ್ಫಿನ್ನುಗಳೆಲ್ಲವೂ ಕೊಳದಲ್ಲೇ ಹುಟ್ಟಿದವಲ್ಲ ಎಂಬುದು ಗುಟ್ಟೇನೂ ಅಲ್ಲ. 2007ರ ಅಕ್ಟೋಬರಿನಲ್ಲಿ ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಿಂದ 28 ಡಾಲ್ಫಿನ್ನುಗಳನ್ನು ವಿಮಾನದಲ್ಲಿ ದುಬೈಗೆ ತರಲಾಯಿತು. ಆಗ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಆಗಿತ್ತು. ಕಡಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ಓಡಾಡುವ, ತಾನು ಹೊರಡಿಸಿದ ಸದ್ದಿನ ಮಾರ್ದನಿಯಿಂದಲೇ ಕತ್ತಲಲ್ಲೂ ಮೀನು ಹುಡುಕುವ ಪ್ರಾಣಿಗೆ ನಾಲ್ಕು ಗೋಡೆಗಳ ನಡುವಿನ ನೀರು ಹೇಗನಿಸುತ್ತದೋ, ನಾವು ಊಹಿಸಬೇಕಷ್ಟೆ. ಕಫಾಲತ್ತಿನಲ್ಲಿ ಸಿಕ್ಕಿಕೊಂಡು ಪಾಸ್‌ಪೋರ್ಟ್ ಅರಬಾಬನ ಕೈಯಲ್ಲಿಟ್ಟು ದುಡಿದ ನಮ್ಮ ಹಿರಿಯರಿಗೆ ಬಹುಶಃ ಅಷ್ಟು ಊಹೆಯೂ ಬೇಕಾಗಲಿಕ್ಕಿಲ್ಲ.

ನಮ್ಮ ದೇಶ ಈ ವಿಷಯದಲ್ಲಿ ಮುಂದಿದೆ ಎಂದು ಹೇಳಲು ಸಂತೋಷವಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಬಲ್ಗೇರಿಯಾದಿಂದ ಚೆನ್ನೈ ಹತ್ತಿರದ ಪಾರ್ಕೊಂದಕ್ಕೆ ತಂದ ಡಾಲ್ಫಿನ್ನುಗಳು ಕೆಲವೇ ತಿಂಗಳಲ್ಲಿ ಸತ್ತವು. ಆಮೇಲೂ ಕೊಚ್ಚಿ ಮೊದಲಾದ ಕಡೆ ಅಂಥ ಕೇಂದ್ರಗಳನ್ನು ಕಟ್ಟುವ ಯೋಜನೆಗಳಿದ್ದವು. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ ಅದಕ್ಕೆಲ್ಲ ತಡೆ ಹಾಕಿತು. ಕೆನಡಾ ಇಂಥ ಕಾನೂನು ತಂದದ್ದು 2019ರಲ್ಲಿ. ಅದೇ ವರ್ಷ ಟ್ರಿಪ್ ಅಡ್ವೈಸರ್ ಕಂಪೆನಿ ಡಾಲ್ಫಿನ್ ತಿಮಿಂಗಿಲಗಳನ್ನು ಕೂಡಿಹಾಕಿದ ಜಾಗಗಳಿಗೆ ಟಿಕೆಟು ಮಾರುವುದನ್ನು ನಿಲ್ಲಿಸುವುದಾಗಿ ಹೇಳಿತು.

ಹಾಗೆಂದು ನಮ್ಮ ಕೈಯ ಕ್ಯಾಮರಾ ಪರಮ ಸಾಧು ಎಂದು ಹೇಳಲಾಗದು. 2016ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ಒಂದು ಕಡಲ ದಂಡೆಯಲ್ಲಿ ಪುಟ್ಟ ಡಾಲ್ಫಿನ್ ಮರಿಯನ್ನು ಜನ ನೀರಿನಿಂದೆತ್ತಿ ಕೈಯಿಂದ ಕೈಗೆ ದಾಟಿಸುತ್ತ ಫೋಟೊ ತೆಗೆದುಕೊಂಡರು. ಕೊನೆಗೆ ಅದರ ಶವ ಮರಳ ಮೇಲೆ ಬಿದ್ದಿತ್ತು. ಅಲ್ಲಿ ಯಾವ ಕಂಪೆನಿಯೂ ಇರಲಿಲ್ಲ. ಹವಾಯಿಯಲ್ಲಿ ರಾತ್ರಿಯೆಲ್ಲ ಬೇಟೆಯಾಡಿ ಹಗಲು ದಡದ ಹತ್ತಿರ ವಿಶ್ರಾಂತಿಗೆ ಬರುವ ಡಾಲ್ಫಿನ್ನುಗಳನ್ನು ಈಜುಗಾರರು ಬಿಡದೆ ಕಾಡಿದ್ದರಿಂದ, 2021ರಲ್ಲಿ ಅಮೆರಿಕ ಸರಕಾರ 50 ಗಜದೊಳಗೆ ಹೋಗಬಾರದೆಂದು ನಿಯಮ ಮಾಡಬೇಕಾಯಿತು. ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಮರ್ಸಾ ಆಲಂ ಬಳಿಯ ಸಮದಾಯಿ ಎಂಬಲ್ಲಿ 2004ರಿಂದ ಒಳ್ಳೆಯದೊಂದು ವ್ಯವಸ್ಥೆಯಿದೆ. ಅಲ್ಲಿನ ಹವಳದ ದಿಬ್ಬದ ಒಡಲಿನಲ್ಲಿ ಡಾಲ್ಫಿನ್ನುಗಳು ಮಲಗುವ ಭಾಗಕ್ಕೆ ಹಗ್ಗ ಕಟ್ಟಿ ಮನುಷ್ಯರ ಪ್ರವೇಶ ನಿಲ್ಲಿಸಿದ್ದಾರೆ. ಹಗ್ಗದ ಈಚೆ ನಾವು ಈಜಬಹುದು. ಅವುಗಳಿಗೆ ಮನಸ್ಸಾದರೆ ಅವೇ ದಾಟಿ ಬರುತ್ತವೆ. ಸಿಳ್ಳೆಯೂ ಇಲ್ಲ, ಮೀನಿನ ಡಬ್ಬಿಯೂ ಇಲ್ಲ.

ದೂರದ ಮಾತು ಯಾಕೆ, ನಮ್ಮ ಕಾರವಾರದಲ್ಲೇ ಡಾಲ್ಫಿನ್ನುಗಳಿವೆ. ದೇವಬಾಗ, ಕೂರ್ಮಗಡದ ಕಡೆ ಮಳೆಗಾಲ ಮುಗಿದ ಮೇಲೆ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ದುಬೈಯಿಂದ ಬಂದ ಮರುವರ್ಷ ಮಕ್ಕಳೊಂದಿಗೆ ಹೋದೆವು. ಬೆನ್ನ ಮೇಲೆ ಗೂನಿನಂಥ ಉಬ್ಬಿರುವ ಬೂದು ಬಣ್ಣದ ಡಾಲ್ಫಿನ್ನುಗಳು. ಯಾರೂ ಅವಕ್ಕೆ ಹೆಸರಿಟ್ಟಿಲ್ಲ, ಅವು ಯಾರ ಕೆನ್ನೆಗೂ ಮೂತಿ ತಾಗಿಸುವುದಿಲ್ಲ. ದೋಣಿಯವರು ಎಂಜಿನ್ ನಿಲ್ಲಿಸಿ, “ಗಲಾಟೆ ಮಾಡಬೇಡಿ ಮಕ್ಕಳೇ, ಬಂದರೆ ಬರ್ತಾವೆ” ಎಂದರು. ಮಗಳು ದೇರಾದ ಅದೇ ಕ್ಯಾಮರಾ ಹಿಡಿದು ಕಾದಳು. ಬಂದವು. ಉಸಿರು ಬಿಟ್ಟ ಸದ್ದು ಕೇಳಿಸುವಷ್ಟು ಹತ್ತಿರ, ಎರಡು ಸಲ. ಅವಳು ತೆಗೆದ ಅರವತ್ತು ಚಿತ್ರಗಳಲ್ಲಿ ಐವತ್ತೇಳು ಬರೀ ನೀರು. ಮೂರರಲ್ಲಿ ಬೂದು ಬೆನ್ನು. ಒಂದನ್ನೂ ಅಳಿಸಲು ಅವಳು ಬಿಟ್ಟಿಲ್ಲ.

ಮೊನ್ನೆ ಭಟ್ಕಳದಿಂದ ಸಂಬಂಧಿಕರೊಬ್ಬರು ಫೋನು ಮಾಡಿದ್ದರು. ಮಕ್ಕಳೊಂದಿಗೆ ದುಬೈಗೆ ಹೊರಟಿದ್ದಾರೆ. ಡಾಲ್ಫಿನ್ ಜೊತೆ ಈಜಲು ಹೋಗುವಾಗ ಗೋಪ್ರೊ ಒಳಗೆ ಬಿಡುತ್ತಾರೆಯೇ ಎಂದು ಕೇಳಿದರು. ನಾವು ಹೋದಲ್ಲಿ ಬಿಟ್ಟಿರಲಿಲ್ಲ ಎಂದೆವು. ಟಿಕೆಟು ತೆಗೆಯುವ ಮೊದಲು ಎರಡು ಮಾತು ಕೇಳಿ ನೋಡಿ ಎಂದೂ ಹೇಳಿದೆವು: ಈ ಡಾಲ್ಫಿನ್ನುಗಳನ್ನು ಎಲ್ಲಿಂದ ತಂದದ್ದು, ನಾವು ಕೊಳ್ಳದ ಫೋಟೊಗಳು ಎಲ್ಲಿಗೆ ಹೋಗುತ್ತವೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾರವಾರದ ಆ ದೋಣಿಯವರ ನಂಬರ್ ಇದೆಯಾ?” ಎಂದು ಕೇಳಿದರು.